ಗಾಳಿ ಬಂದಾಗ ತೂರಿಕೊಳ್ಳೋಣ: ಪವನ ವಿದ್ಯುತ್ತಿಗೆ ಗ್ರಾಹಕರಾಗುವ ಬಗೆ

"ಗಾಳಿ ಬಂದಾಗ ತೂರಿಕೋ" ಎಂಬ ಗಾದೆ ಕಣದಲ್ಲಿ ಹುಟ್ಟಿದ್ದು. ರಾಶಿಯ ದಿನ ಗಾಳಿ ಬಿದ್ದುಹೋದರೆ ಮೊರ ಹಿಡಿದವರು ಸುಮ್ಮನೆ ಕೂರಬೇಕಾಗುತ್ತದೆ. ಗಾಳಿ ಎದ್ದಾಗ ಮೈಮರೆತರೆ ಹೊಟ್ಟು ಕಾಳಿನಲ್ಲೇ ಉಳಿಯುತ್ತದೆ. ಇಂದು ಅದೇ ಗಾಳಿ ನಮ್ಮ ಗುಡ್ಡಗಳ ಮೇಲೆ ವಿದ್ಯುತ್ತನ್ನು ಉತ್ಪಾದಿಸುತ್ತಿದೆ. ಚಿತ್ರದುರ್ಗದ ಬೆಟ್ಟಗಳಲ್ಲಿ, ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಮುತ್ತ ಗಾಳಿಯಂತ್ರಗಳನ್ನು ನೋಡದ ರೈತರು ವಿರಳ. ರಾಜ್ಯದಲ್ಲಿ ಸ್ಥಾಪಿತವಾಗಿರುವ ಪವನ ವಿದ್ಯುತ್ ಸಾಮರ್ಥ್ಯ 5,000 ಮೆಗಾವಾಟ್ ದಾಟಿದೆ.

ಕೆಲವು ವರ್ಷಗಳ ಹಿಂದೆ ಶೇಂಗಾ ಬೆಳೆಯ ತರಬೇತಿ ಶಿಬಿರವೊಂದರಲ್ಲಿ ಪಾಠ ಮುಗಿದ ಮೇಲೆ ರೈತರೊಬ್ಬರು ಎದ್ದು ನಿಂತರು. ಅವರಿಗೆ ಎಂಟು ಎಕರೆ ಜಮೀನಿನ ಜೊತೆಗೆ ಊರಿನಲ್ಲಿ ಒಂದು ಸಣ್ಣ ಎಣ್ಣೆ ಗಿರಣಿ ಇತ್ತು. "ಸಾರ್, ನಮ್ಮೂರ ಗುಡ್ಡದ ಮೇಲೆ ಹಗಲೂ ರಾತ್ರಿ ಗಾಳಿಯಂತ್ರ ತಿರುಗ್ತಾವೆ. ಆ ಕರೆಂಟು ಯಾರಿಗೆ ಹೋಗುತ್ತೋ ಗೊತ್ತಿಲ್ಲ. ನನ್ನ ಗಿರಣಿಗೆ ಅದೇ ಬೇಕು ಅಂದ್ರೆ ಯಾರನ್ನ ಕೇಳಬೇಕು?" ಎಂದು ಪ್ರಶ್ನಿಸಿದರು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ನಾನು ಬೇಸಾಯಶಾಸ್ತ್ರದವನು, ಇದು ನನ್ನ ವಿಷಯವಲ್ಲ ಎಂದು ಹೇಳಿ ಕುಳಿತೆ. ಆ ಪ್ರಶ್ನೆಗೆ ತಡವಾಗಿಯಾದರೂ ಸರಿಯಾದ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಗಾಳಿಯಲ್ಲಿ ಎಷ್ಟು ಶಕ್ತಿ ಇದೆ?

ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಅಂದರೆ ಸೆಕೆಂಡಿಗೆ 4 ಮೀಟರ್ ಬೀಸುವ ಗಾಳಿಗಿಂತ 8 ಮೀಟರ್ ಬೀಸುವ ಗಾಳಿಯಲ್ಲಿ ಎಂಟು ಪಟ್ಟು ಶಕ್ತಿ ಇರುತ್ತದೆ. ಗಾಳಿಯಂತ್ರಗಳನ್ನು ಗುಡ್ಡದ ನೆತ್ತಿಯ ಮೇಲೆ, ಎತ್ತರದ ಕಂಬಗಳಿಗೆ ಕೂರಿಸುವುದು ಈ ಕಾರಣಕ್ಕಾಗಿಯೇ. ಸಾಮಾನ್ಯವಾಗಿ ಯಂತ್ರವು ಸೆಕೆಂಡಿಗೆ 3ರಿಂದ 4 ಮೀಟರ್ ವೇಗದಲ್ಲಿ ವಿದ್ಯುತ್ ಕೊಡಲು ಆರಂಭಿಸಿ, 25 ಮೀಟರ್ ಸಮೀಪಿಸಿದಾಗ ತನ್ನ ರಕ್ಷಣೆಗಾಗಿ ತಾನೇ ನಿಂತುಬಿಡುತ್ತದೆ.

ಒಂದು ಲೆಕ್ಕ ನೋಡೋಣ. 2 ಮೆಗಾವಾಟ್ ಸಾಮರ್ಥ್ಯದ ಯಂತ್ರವೊಂದು ವರ್ಷವಿಡೀ ಪೂರ್ಣ ಶಕ್ತಿಯಲ್ಲಿ ಓಡುವುದಿಲ್ಲ. ಅದು ತನ್ನ ಸಾಮರ್ಥ್ಯದ ಶೇಕಡಾ 25ರಷ್ಟು ಕೊಟ್ಟಿತೆಂದು ಇಟ್ಟುಕೊಂಡರೂ ವರ್ಷಕ್ಕೆ 43,80,000 ಯೂನಿಟ್ ಆಗುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ 3,650 ಮನೆಗಳಿಗೆ ಇದು ಸಾಕು. ಇಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಪಡೆಯಬೇಕಾದರೆ ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕಾಗುತ್ತದೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಬೇಕಾದ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಗಾಳಿಯಾದರೋ ನಮ್ಮ ಗುಡ್ಡಕ್ಕೇ ಬಂದು ಬೀಸುತ್ತದೆ. ಕಲ್ಲಿದ್ದಲಿನ ಹೊಗೆ ವಾತಾವರಣವನ್ನು ಬಿಸಿಮಾಡುತ್ತದೆ, ವಾತಾವರಣ ಬಿಸಿಯಾದಂತೆ ಮಳೆಯ ನಡೆ ಕೆಡುತ್ತದೆ. ಇದರಿಂದ ಮೊದಲು ಪೆಟ್ಟು ತಿನ್ನುವವರು ಮಳೆಯನ್ನು ನಂಬಿ ಬಿತ್ತುವ ನಾವೇ.

ಮುಂಗಾರು ಗಾಳಿ ಮತ್ತು ಜಲಾಶಯದ ನೀರು

ನಮ್ಮಲ್ಲಿ ಗಾಳಿ ಬಲವಾಗಿ ಬೀಸುವುದು ಮುಂಗಾರಿನ ನಾಲ್ಕು ತಿಂಗಳು, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆಯಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಬೇಕಾದಾಗ ಗಾಳಿ ಕಡಿಮೆಯಿರುತ್ತದೆ, ಆದ್ದರಿಂದ ಪ್ರಯೋಜನವೇನು ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಶರಾವತಿಯ ಲಿಂಗನಮಕ್ಕಿ, ಕಾಳಿಯ ಸೂಪಾ ಮತ್ತು ವಾರಾಹಿಯ ಮಾಣಿ ಜಲಾಶಯಗಳು ತುಂಬುವುದೂ ಇದೇ ತಿಂಗಳುಗಳಲ್ಲಿ. ಮುಂಗಾರಿನಲ್ಲಿ ಗಾಳಿಯಿಂದ ಬಂದ ಪ್ರತಿ ಯೂನಿಟ್ಟೂ ಆ ಜಲಾಶಯಗಳಲ್ಲಿ ಅಷ್ಟು ನೀರನ್ನು ಉಳಿಸಲು ಅವಕಾಶ ಕೊಡುತ್ತದೆ. ಉಳಿದ ನೀರು ಮಾರ್ಚ್, ಏಪ್ರಿಲ್ ತಿಂಗಳಲ್ಲಿ ವಿದ್ಯುತ್ತಾಗಿ ನಮ್ಮ ತೋಟಕ್ಕೆ ಬರಬಲ್ಲುದು. ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿ ಮಳೆಗಾಲದಲ್ಲಿ ತೆಗೆದು ಉಣ್ಣುವ ಕ್ರಮವೇ ಇದು. ಬೇಸಿಗೆಯ ಹಗಲಿನ ಕೊರತೆಗೆ ಬಿಸಿಲಿನ ವಿದ್ಯುತ್ತೂ ಜೊತೆಯಾಗುತ್ತದೆ.

ಡೆನ್ಮಾರ್ಕ್ ರೈತರ ಅನುಭವ

ಜನರು ತಾವಾಗಿ ಮುಂದೆ ಬಂದು ಗಾಳಿ ವಿದ್ಯುತ್ತಿಗೆ ಹೆಸರು ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಯುರೋಪಿನ ಪುಟ್ಟ ದೇಶ ಡೆನ್ಮಾರ್ಕ್ ಉತ್ತಮ ನಿದರ್ಶನ. 1973ರಲ್ಲಿ ತೈಲದ ಬೆಲೆ ಏಕಾಏಕಿ ಏರಿದಾಗ ಆ ದೇಶ ತನ್ನ ಶಕ್ತಿಯ ಅಗತ್ಯದ ಶೇಕಡಾ 90ಕ್ಕೂ ಹೆಚ್ಚು ಭಾಗಕ್ಕೆ ಆಮದು ತೈಲವನ್ನೇ ನೆಚ್ಚಿತ್ತು. ಅಲ್ಲಿನ ರೈತರು, ಬಡಗಿಗಳು, ಕಮ್ಮಾರರು ಸೇರಿ ಸಣ್ಣ ಗಾಳಿಯಂತ್ರಗಳನ್ನು ಕಟ್ಟತೊಡಗಿದರು. ಒಂದು ಯಂತ್ರ ಒಬ್ಬನಿಗೆ ದುಬಾರಿಯಾದಾಗ ನೆರೆಹೊರೆಯ ಮನೆಗಳು ಕೂಡಿ ಷೇರು ಹಾಕಿದವು. ಹಾಲು, ಬೆಣ್ಣೆಯ ಸಹಕಾರ ಸಂಘಗಳನ್ನು ನೂರು ವರ್ಷ ನಡೆಸಿದ್ದ ಜನರಿಗೆ ಇದು ಹೊಸ ಪಾಠವಾಗಿರಲಿಲ್ಲ.

ಸಾಮ್ಸೋ ಎಂಬ ದ್ವೀಪದ ಕಥೆ ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರವಾದದ್ದು. ಸುಮಾರು ನಾಲ್ಕು ಸಾವಿರ ಜನಸಂಖ್ಯೆ. ಮುಖ್ಯ ಕಸುಬು ಬೇಸಾಯ. ಅಲ್ಲಿನ ಆಲೂಗಡ್ಡೆ ಹೆಸರುವಾಸಿ. 1997ರಲ್ಲಿ ಸರ್ಕಾರ ಈ ದ್ವೀಪವನ್ನು ನವೀಕರಣೀಯ ಶಕ್ತಿಯ ಮಾದರಿಯಾಗಿ ಆರಿಸಿತು. ರೈತ ಕುಟುಂಬದಿಂದ ಬಂದ ಸೋರೆನ್ ಹರ್ಮಾನ್ಸೆನ್ ಎಂಬ ಸ್ಥಳೀಯರು ಊರ ಸಭೆಗಳಲ್ಲಿ ಕುಳಿತು ಜನರ ಸಂಶಯಗಳಿಗೆ ಉತ್ತರ ಹೇಳಿದರು. 2000ನೇ ಇಸವಿಯಲ್ಲಿ ನೆಲದ ಮೇಲೆ ತಲಾ 1 ಮೆಗಾವಾಟ್‌ನ 11 ಯಂತ್ರಗಳು ನಿಂತವು. ಬಳಿಕ ಸಮುದ್ರದಲ್ಲಿ 10 ಯಂತ್ರಗಳು ಬಂದವು. ಇವುಗಳಲ್ಲಿ ಹಲವು ರೈತರ ಸ್ವಂತದವು, ಕೆಲವು ಷೇರುದಾರರವು, ಕೆಲವು ಪುರಸಭೆಯವು.

ರಾಜಧಾನಿ ಕೋಪನ್‌ಹೇಗನ್‌ನ ಬಂದರಿನೆದುರು 2000ದಲ್ಲಿ ತಲಾ 2 ಮೆಗಾವಾಟ್‌ನ 20 ಯಂತ್ರಗಳ ಮಿಡ್ಡೆಲ್‌ಗ್ರುಂಡೆನ್ ಕೇಂದ್ರ ಆರಂಭವಾಯಿತು. ಅದರ ಅರ್ಧ ಭಾಗ ಸಹಕಾರ ಸಂಘದ್ದು. ಸಂಘವು 40,500 ಷೇರುಗಳನ್ನು ಮಾಡಿ, ವರ್ಷಕ್ಕೆ 1,000 ಯೂನಿಟ್ ಉತ್ಪಾದನೆಗೆ ಒಂದು ಷೇರು ಎಂಬ ಲೆಕ್ಕವಿಟ್ಟಿತು. ಎಂಟು ಸಾವಿರಕ್ಕೂ ಹೆಚ್ಚು ಜನ ಸದಸ್ಯರಾದರು. ತನ್ನ ಮನೆಗೆ ಎಷ್ಟು ಯೂನಿಟ್ ಬೇಕೋ ಅಷ್ಟು ಷೇರು ಕೊಳ್ಳುವುದು ಯಾರಿಗಾದರೂ ಅರ್ಥವಾಗುವ ಲೆಕ್ಕವಲ್ಲವೇ? 2022 ಮತ್ತು 2023ರಲ್ಲಿ ಡೆನ್ಮಾರ್ಕಿನಲ್ಲಿ ಉತ್ಪಾದನೆಯಾದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಿಂದಲೇ ಬಂದಿದೆ.

ತಂತಿಯಲ್ಲಿ ಬರುವುದು ಯಾವ ಕರೆಂಟು?

ಹೆಸರು ನೋಂದಾಯಿಸಿದ ಮೇಲೂ ಅದೇ ಕಂಬ, ಅದೇ ತಂತಿ, ಅದೇ ಮೀಟರು. ಹಾಗಾದರೆ ನಮಗೆ ಬರುವುದು ಗಾಳಿಯ ಕರೆಂಟು ಎಂದು ನಂಬುವುದು ಹೇಗೆ ಎಂಬ ಶಂಕೆ ಸಹಜ.

ಹಾಲಿನ ಡೇರಿಯನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ನೀವು ಸುರಿದ ಹಾಲು ಎಲ್ಲರ ಹಾಲಿನೊಡನೆ ಒಂದೇ ಕ್ಯಾನಿಗೆ ಬೀಳುತ್ತದೆ. ಪಟ್ಟಣದ ಗ್ರಾಹಕರ ಲೋಟಕ್ಕೆ ನಿಮ್ಮ ಎಮ್ಮೆಯ ಹಾಲೇ ಹೋಯಿತೆಂದು ಯಾರೂ ಹೇಳಲಾರರು. ಆದರೆ ನಿಮ್ಮ ಪುಸ್ತಕದಲ್ಲಿ ಲೀಟರೆಷ್ಟು, ಜಿಡ್ಡಿನಂಶವೆಷ್ಟು ಎಂಬ ಲೆಕ್ಕ ಸರಿಯಾಗಿರುತ್ತದೆ. ವಿದ್ಯುತ್ ಜಾಲವೂ ಹಾಗೆಯೇ. ನೀರು, ಗಾಳಿ, ಬಿಸಿಲು, ಕಲ್ಲಿದ್ದಲು ಎಲ್ಲದರ ವಿದ್ಯುತ್ತೂ ಅದರಲ್ಲಿ ಬೆರೆಯುತ್ತದೆ. ನೀವು ಕೇಳಿದಷ್ಟು ಯೂನಿಟ್ ಹಸಿರು ವಿದ್ಯುತ್ತನ್ನು ಕಂಪನಿ ಖರೀದಿಸಿ ಜಾಲಕ್ಕೆ ತಂದು ಲೆಕ್ಕ ತೋರಿಸಬೇಕು. ಹೆಸರು ಕೊಟ್ಟವರ ಸಂಖ್ಯೆ ಹೆಚ್ಚಿದಂತೆ ಗಾಳಿ ವಿದ್ಯುತ್ತಿನ ಖರೀದಿ ಹೆಚ್ಚಬೇಕಾಗುತ್ತದೆ, ಹೊಸ ಯಂತ್ರಗಳಿಗೆ ಬಂಡವಾಳ ಬರುತ್ತದೆ.

ಗ್ರಾಹಕರಾಗಲು ಇರುವ ಮಾರ್ಗಗಳು

ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಹಸಿರು ವಿದ್ಯುತ್ ಮುಕ್ತ ಪ್ರವೇಶ ನಿಯಮಗಳು ಈ ವಿಷಯದಲ್ಲಿ ಮುಖ್ಯವಾದವು. ಅವುಗಳಲ್ಲಿ ಹಾಗೂ ಹಿಂದಿನ ನಿಯಮಗಳಲ್ಲಿ ಮೂರು ದಾರಿಗಳನ್ನು ಹೇಳಲಾಗಿದೆ.

1. ವಿದ್ಯುತ್ ಸರಬರಾಜು ಕಂಪನಿಯಿಂದಲೇ ಪಡೆಯುವುದು: 2022ರ ನಿಯಮಗಳಂತೆ ಅರ್ಹ ಗ್ರಾಹಕರು ತಮ್ಮ ಬಳಕೆಯ ಶೇಕಡಾ 25, 50, 75 ಅಥವಾ 100 ಭಾಗ ಹಸಿರು ವಿದ್ಯುತ್ ಬೇಕೆಂದು ಕೋರಿಕೆ ಸಲ್ಲಿಸಬಹುದು. ಸೌರ ಮತ್ತು ಸೌರೇತರ ಎಂದು ಪ್ರತ್ಯೇಕವಾಗಿ ಕೇಳಲೂ ಅವಕಾಶವಿದೆ. ಗಾಳಿ ಸೌರೇತರ ವರ್ಗಕ್ಕೆ ಸೇರುತ್ತದೆ. ಕೋರಿಕೆ ಕನಿಷ್ಠ ಒಂದು ವರ್ಷದ್ದಾಗಿರಬೇಕು. ದರವನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಕೇಳಿದವರಿಗೆ ಕಂಪನಿಯು ವರ್ಷಕ್ಕೊಮ್ಮೆ ಹಸಿರು ಪ್ರಮಾಣಪತ್ರ ಕೊಡಬೇಕು.

2. ಉತ್ಪಾದಕರಿಂದ ನೇರವಾಗಿ ಕೊಳ್ಳುವುದು: ಮೊದಲು ಇದಕ್ಕೆ 1 ಮೆಗಾವಾಟ್ ಬೇಡಿಕೆ ಇರಬೇಕಿತ್ತು. 2022ರ ನಿಯಮದಂತೆ 100 ಕಿಲೋವಾಟ್, ಅಂದರೆ ಸುಮಾರು 134 ಅಶ್ವಶಕ್ತಿ ಇದ್ದರೆ ಸಾಕು. ಒಂದೇ ವಿದ್ಯುತ್ ವಿಭಾಗದಲ್ಲಿರುವ ಗ್ರಾಹಕರ ಹಲವು ಸಂಪರ್ಕಗಳನ್ನು ಕೂಡಿಸಿ ಈ ಮಿತಿ ಮುಟ್ಟಲೂ 2023ರಲ್ಲಿ ಅವಕಾಶವಾಯಿತು. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ಶೀತಲಗೃಹ ಮತ್ತು ಹಾಲು ಶೀತಲೀಕರಣ ಕೇಂದ್ರಗಳಿಗೆ ಈ ದಾರಿ ಒಪ್ಪುತ್ತದೆ.

3. ಕೂಡು ಒಡೆತನ: ಹಲವು ಬಳಕೆದಾರರು ಸೇರಿ ಒಂದು ಉತ್ಪಾದನಾ ಕೇಂದ್ರದಲ್ಲಿ ಕನಿಷ್ಠ ಶೇಕಡಾ 26 ಒಡೆತನ ಹೊಂದಿ, ಅದರ ವಿದ್ಯುತ್ತಿನ ಕನಿಷ್ಠ ಶೇಕಡಾ 51 ಭಾಗವನ್ನು ತಾವೇ ಬಳಸಿದರೆ ಅದು ಸ್ವಂತ ಬಳಕೆಯ ಕೇಂದ್ರವೆನಿಸುತ್ತದೆ. 2005ರ ವಿದ್ಯುಚ್ಛಕ್ತಿ ನಿಯಮಗಳಲ್ಲೇ ಇದಕ್ಕೆ ಅವಕಾಶವಿದೆ. ಡೆನ್ಮಾರ್ಕಿನ ಷೇರು ಪದ್ಧತಿಗೆ ನಮ್ಮಲ್ಲಿ ಅತ್ಯಂತ ಹತ್ತಿರವಾದದ್ದು ಇದೇ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳ ವಿದ್ಯುತ್ ವೆಚ್ಚವನ್ನು ಸರ್ಕಾರವೇ ಭರಿಸುತ್ತಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳಿಗೆ ಬಿಲ್ಲು ಬರುವುದಿಲ್ಲ. ಅಂಥವರು ಹೆಚ್ಚಿನ ಹಣ ತೆತ್ತು ಹೆಸರು ಕೊಡಬೇಕೆಂದು ನಾನು ಹೇಳುವುದಿಲ್ಲ. ಬಿಲ್ಲು ಕಟ್ಟುವ ಮನೆಗಳು, ಹಿಟ್ಟಿನ ಗಿರಣಿ, ಎಣ್ಣೆ ಗಿರಣಿ, ಅಂಗಡಿ, ಸಹಕಾರ ಸಂಘಗಳು ಮೊದಲು ಮುಂದೆ ಬರಬೇಕು.

ಗಿರಣಿಯ ಲೆಕ್ಕ

ತಿಂಗಳಿಗೆ 3,000 ಯೂನಿಟ್ ಬಳಸುವ ಎಣ್ಣೆ ಗಿರಣಿಯನ್ನು ತೆಗೆದುಕೊಳ್ಳೋಣ. ಸಡಿಲವಾದ ಬೆಲ್ಟು ಬಿಗಿಮಾಡಿ, ಬೇರಿಂಗಿಗೆ ಎಣ್ಣೆ ಬಿಟ್ಟು, ಸುಟ್ಟು ಹಲವು ಬಾರಿ ಸುತ್ತಿಸಿದ ಹಳೆಯ ಮೋಟಾರನ್ನು ಬದಲಿಸಿ ಶೇಕಡಾ 10 ಉಳಿಸಿದರೆ 300 ಯೂನಿಟ್ ಉಳಿತಾಯ. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ 2,100 ರೂಪಾಯಿ. ಉಳಿದ 2,700 ಯೂನಿಟ್ಟಿನಲ್ಲಿ ಶೇಕಡಾ 25, ಅಂದರೆ 675 ಯೂನಿಟ್ ಹಸಿರು ವಿದ್ಯುತ್ ಕೇಳಿದಿರಿ. ಅದಕ್ಕೆ ಯೂನಿಟ್ಟಿಗೆ 50 ಪೈಸೆ ಹೆಚ್ಚೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ತಿಂಗಳಿಗೆ 337 ರೂಪಾಯಿ 50 ಪೈಸೆ. ಉಳಿತಾಯದ ಆರನೆಯ ಒಂದು ಭಾಗದಲ್ಲೇ ಇದು ತೀರುತ್ತದೆ. ವರ್ಷಕ್ಕೆ 8,100 ಯೂನಿಟ್ಟಿಗೆ ಬೇಕಾಗುತ್ತಿದ್ದ ಸುಮಾರು ಐದೂವರೆ ಟನ್ ಕಲ್ಲಿದ್ದಲು ಸುಡುವುದು ತಪ್ಪುತ್ತದೆ. ಆದ್ದರಿಂದ ಮೊದಲು ಉಳಿತಾಯ, ಆಮೇಲೆ ನೋಂದಣಿ ಎಂಬ ಕ್ರಮವನ್ನು ಮರೆಯಬಾರದು.

ಸಹಿ ಹಾಕುವ ಮೊದಲು

* ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಜೋಡಿಸಿ, ಯಾವ ತಿಂಗಳು ಎಷ್ಟು ಯೂನಿಟ್ ಎಂದು ಬರೆದಿಟ್ಟುಕೊಳ್ಳಿ.
* ಜಾರಿಯಲ್ಲಿರುವ ಹಸಿರು ದರ ಎಷ್ಟು, ಅವಧಿ ಎಷ್ಟು ಎಂಬುದನ್ನು ಉಪವಿಭಾಗದ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿಯಿರಿ.
* ನೇರ ಖರೀದಿಯಾದರೆ ಯೂನಿಟ್ ಬೆಲೆಯ ಮೇಲೆ ಸಾಗಣೆ ಶುಲ್ಕ, ಸಾಗಣೆಯಲ್ಲಿನ ನಷ್ಟ ಮತ್ತು ಇತರ ಅಧಿಭಾರಗಳನ್ನೂ ಕೂಡಿಸಿ ನೋಡಿ.
* ಗಾಳಿಯ ತಿಂಗಳಲ್ಲಿ ಹೆಚ್ಚಾದ ಯೂನಿಟ್ಟನ್ನು ಖಾತೆಯಲ್ಲಿ ಎಷ್ಟು ಕಾಲ ಇಡಬಹುದು, ಅದಕ್ಕೆ ಶುಲ್ಕವೆಷ್ಟು ಎಂದು ವಿಚಾರಿಸಿ. ಗಿರಣಿ ಹೆಚ್ಚಾಗಿ ಓಡುವುದು ಸುಗ್ಗಿಯಲ್ಲಾದರೆ ಇದು ಬಹು ಮುಖ್ಯ.
* ಕೂಡು ಒಡೆತನದಲ್ಲಿ ಯಾರ ಪಾಲು ಎಷ್ಟು, ಸದಸ್ಯನೊಬ್ಬ ಬಿಟ್ಟುಹೋದರೆ ಏನು ಎಂಬುದು ಕರಾರಿನಲ್ಲಿರಬೇಕು.
* ಯಂತ್ರಕ್ಕಾಗಿ ನಿಮ್ಮ ಜಮೀನನ್ನೇ ಗುತ್ತಿಗೆಗೆ ಕೇಳಿದರೆ ಕರಾರನ್ನು ಕನ್ನಡದಲ್ಲಿ ಓದಿಸಿ, ವಕೀಲರಿಗೆ ತೋರಿಸಿ. ಅಗೆದ ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಮರಳಿ ಹರಡುವ ಷರತ್ತನ್ನು ಬರೆಸಿ. ಒಂದು ಅಂಗುಲ ಮೇಲ್ಮಣ್ಣು ಬೆಳೆಯಲು ತಲೆಮಾರುಗಳೇ ಬೇಕು.

ಕೊನೆಯ ಮಾತು

ಸಾಮ್ಸೋ ದ್ವೀಪದಲ್ಲಿ ಯಂತ್ರಗಳು ತಿರುಗಿದಾಗ ಜನ ಅವನ್ನು ನಮ್ಮವು ಎಂದು ನೋಡಿದರು, ಏಕೆಂದರೆ ಅವುಗಳಲ್ಲಿ ಅವರ ಹೆಸರಿತ್ತು. ನಮ್ಮ ಗುಡ್ಡದ ಯಂತ್ರವನ್ನು ನಾವು ದೂರದಿಂದ ನೋಡಿ ಯಾರದೋ ಎಂದುಕೊಂಡು ಬಂದಿದ್ದೇವೆ. ಈ ಅಂತರ ಕಳೆಯಬೇಕಾದರೆ ಒಬ್ಬೊಬ್ಬರೇ ಹೋಗಿ ಅರ್ಜಿ ಕೊಡುವುದಕ್ಕಿಂತ ಸಂಘದ ವಾರ್ಷಿಕ ಸಭೆಯಲ್ಲಿ ವಿಷಯವಿಟ್ಟು, ಹತ್ತಾರು ಗಿರಣಿ, ಅಂಗಡಿ, ಮನೆಗಳವರು ಒಟ್ಟಿಗೆ ಕೋರಿಕೆ ಸಲ್ಲಿಸುವುದು ಮೇಲು. ಹತ್ತು ಅರ್ಜಿಗಳನ್ನು ಮೂಲೆಗೆ ಸರಿಸುವುದು ಒಂದನ್ನು ಸರಿಸಿದಷ್ಟು ಸುಲಭವಲ್ಲ.

ಅಂದು ಪ್ರಶ್ನೆ ಕೇಳಿದ ರೈತ ಬಾಂಧವರು ಈ ಲೇಖನ ಓದಿದರೆ ಅವರಿಗೆ ನನ್ನ ಉತ್ತರ ಇಷ್ಟು: ನಿಮ್ಮ ಗಿರಣಿಗೆ ಆ ಗಾಳಿಯ ಪಾಲು ಸಿಗುವುದೇ ಎಂದು ನೀವು ಕೇಳಬಹುದು. ಬರುವ ಮುಂಗಾರಿಗೆ ಮುಂಚೆ ಬಿಲ್ಲುಗಳನ್ನು ಜೋಡಿಸಿಕೊಂಡು ಉಪವಿಭಾಗದ ಕಚೇರಿಗೆ ಹೋಗಿ, ಒಬ್ಬರೇ ಹೋಗಬೇಡಿ.