ಜೇನಿನ ಪಾಲು ಜೇನಿಗೆ



ನಮ್ಮ ಕರಾವಳಿಯಲ್ಲಿಯೂ ಘಟ್ಟದ ತಪ್ಪಲಿನಲ್ಲಿಯೂ ವಸಂತವೆಂದರೆ ಮಾವು, ಗೇರು ಹೂಬಿಡುವ ಕಾಲ. ಎಲೆ ಉದುರಿಸಿ ನಿಂತಿದ್ದ ರಬ್ಬರ್ ಮರಗಳು ಚಿಗುರುವುದೂ ಈ ಹೊತ್ತಿಗೇ. ಕೊಯ್ಲಾದ ಗದ್ದೆಯಲ್ಲಿ ಸೌತೆ, ಕುಂಬಳ, ಹಾಗಲದ ಬಳ್ಳಿಗಳು ಹಬ್ಬಿರುತ್ತವೆ. ತಪಸ್ಸುಕಾಲವೂ ಇದೇ ದಿನಗಳಲ್ಲಿ ಬರುತ್ತದೆ. ಹೊರಗೆ ಪ್ರಕೃತಿಯ ಸಮೃದ್ಧಿ, ದೇವಾಲಯದಲ್ಲಿ ಸಂಯಮದ ಬೋಧನೆ. ಇವೆರಡೂ ಹೇಗೆ ಹೊಂದುತ್ತವೆ ಎಂದು ಕೇಳುವವರುಂಟು. ಹಿತ್ತಿಲಿನಲ್ಲಿ ಒಂದು ಜೇನು ಪೆಟ್ಟಿಗೆ ಇಟ್ಟುಕೊಂಡ ಮನೆಯವರಿಗೆ ಈ ಪ್ರಶ್ನೆಯ ಉತ್ತರ ಕಣ್ಣೆದುರಿಗೇ ಇದೆ.

ಹಿತ್ತಿಲಿಗೆ ಬರುವ ಕೆಲಸಗಾರರು

ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ. ಬೆಳಗಿನ ಜಾವ ಅರಳುವ ಈ ಹೂವು ಮಧ್ಯಾಹ್ನದೊಳಗೆ ಮುದುಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪಬೇಕು. ತಲುಪದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಎಷ್ಟು ನೀರು ಹಾಕಿದರೂ, ಎಷ್ಟು ಗೊಬ್ಬರ ಕೊಟ್ಟರೂ ಆ ಕೊರತೆ ತುಂಬುವುದಿಲ್ಲ. ಪರಾಗವನ್ನು ಹೊತ್ತೊಯ್ಯುವವರಲ್ಲಿ ಜೇನುನೊಣಗಳೇ ಪ್ರಮುಖರು.

ಆದುದರಿಂದ ತರಕಾರಿಗೆ ಬೆಳಿಗ್ಗೆ ವಿಷ ಸಿಂಪಡಿಸುವುದೆಂದರೆ ಕೆಲಸಕ್ಕೆ ಬಂದವರನ್ನು ಬಾಗಿಲಲ್ಲೇ ಕೊಂದಂತೆ. ಸಿಂಪಡಿಸಲೇಬೇಕಾದ ಅನಿವಾರ್ಯ ಬಂದರೆ ನೊಣಗಳು ಗೂಡು ಸೇರಿದ ಮೇಲೆ, ಮುಸ್ಸಂಜೆಯಲ್ಲಿ, ಹೂವಿಗೆ ತಾಗದಂತೆ ಸಿಂಪಡಿಸಿರಿ. ಪೆಟ್ಟಿಗೆ ಇಟ್ಟಿರುವ ನೆರೆಮನೆಯವರಿಗೆ ಹಿಂದಿನ ದಿನವೇ ತಿಳಿಸಿರಿ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಪ್ರಕಟಿಸಿದ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ, ಕೃಷಿಗೆ ಉಪಕಾರಿಯಾದ ಹಕ್ಕಿಗಳೂ ಕೀಟಗಳೂ ಕೃಷಿ ವಿಷಗಳಿಂದ ಇಲ್ಲವಾಗುತ್ತಿರುವುದನ್ನು ಎತ್ತಿ ಹೇಳಿದ್ದಾರೆ. ಅದು ದೂರದ ದೇಶದ ಮಾತಲ್ಲ, ನಮ್ಮ ಸೌತೆ ಬಳ್ಳಿಯ ಮಾತೂ ಹೌದು.

ಪೆಟ್ಟಿಗೆಯ ಹಿಂದಿರುವ ವಿಚಾರ

ನಮ್ಮಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ ಎಂದು ಬಗೆಬಗೆಯ ಜೇನುಗಳಿವೆ. ಮರದ ಪೆಟ್ಟಿಗೆಯಲ್ಲಿ ನಮ್ಮ ಹಿರಿಯರು ಸಾಕಿಕೊಂಡು ಬಂದದ್ದು ತುಡುವೆಯನ್ನು. ಹಿಂದೆ ಜೇನು ಬೇಕಾದರೆ ಮರದ ಪೊಟರೆಗೆ ಹೊಗೆ ಹಾಕಿ, ಎರಿಗಳನ್ನು ಕಿತ್ತು, ಮರಿಗಳ ಸಮೇತ ಹಿಂಡುತ್ತಿದ್ದರು. ಜೇನು ಸಿಗುತ್ತಿತ್ತು, ಸಂಸಾರ ನಾಶವಾಗುತ್ತಿತ್ತು.

ಜೇನನ್ನು ತೆಗೆದೂ ಸಂಸಾರವನ್ನು ಉಳಿಸಲು ಸಾಧ್ಯವೇ? ಈ ಪ್ರಶ್ನೆಗೆ ದಾರಿ ತೋರಿದವರಲ್ಲಿ ಇಬ್ಬರು ಧರ್ಮಬೋಧಕರು ಎಂಬುದು ಗಮನಾರ್ಹ. ಅಮೆರಿಕದ ಪ್ರೊಟೆಸ್ಟಂಟ್ ಬೋಧಕ ಲ್ಯಾಂಗ್‌ಸ್ಟ್ರಾತ್, ನೊಣಗಳು ಓಡಾಡಲು ಎಷ್ಟು ಸಂದು ಬಿಟ್ಟುಕೊಳ್ಳುತ್ತವೆ ಎಂಬುದನ್ನು ಗಮನಿಸಿ, 1851ರಲ್ಲಿ ಎರಿಯ ಚೌಕಟ್ಟನ್ನು ಸಲೀಸಾಗಿ ಹೊರತೆಗೆದು ಮತ್ತೆ ಇಡಬಹುದಾದ ಪೆಟ್ಟಿಗೆಯನ್ನು ರೂಪಿಸಿದರು. ನಮ್ಮ ದಕ್ಷಿಣ ಭಾರತದಲ್ಲಿ ಫಾದರ್ ನ್ಯೂಟನ್ ಅವರು ಚಿಕ್ಕ ಮೈಯ ತುಡುವೆಗೆ ಒಗ್ಗುವ ಚಿಕ್ಕ ಪೆಟ್ಟಿಗೆಯನ್ನು ಮಾಡಿ, 1911ರಿಂದ 1917ರವರೆಗೆ ಹಳ್ಳಿಯ ಜನರಿಗೆ ಜೇನು ಸಾಕಲು ಕಲಿಸಿದರು. ‘ನ್ಯೂಟನ್ ಪೆಟ್ಟಿಗೆ’ ಎಂಬ ಹೆಸರು ಹಳೆಯ ಜೇನು ಕೃಷಿಕರ ಬಾಯಲ್ಲಿ ಉಳಿದದ್ದು ಹೀಗೆ.

ಪೆಟ್ಟಿಗೆಯಲ್ಲಿ ಎರಡು ಅಂತಸ್ತುಗಳು. ಕೆಳಗಿನದು ಸಂಸಾರ ಕೋಣೆ. ರಾಣಿ ಮೊಟ್ಟೆಯಿಡುವುದು, ಮರಿಗಳು ಬೆಳೆಯುವುದು, ಅವುಗಳ ಆಹಾರ ಇರುವುದು ಅಲ್ಲಿ. ಮೇಲಿನದು ಜೇನು ಕೋಣೆ. ಹೂವಿನ ಕಾಲದಲ್ಲಿ ಸಂಸಾರದ ಅಗತ್ಯಕ್ಕಿಂತ ಹೆಚ್ಚಾಗಿ ಬಂದದ್ದು ಮೇಲೆ ಸೇರುತ್ತದೆ. ನಮಗೆ ಸಲ್ಲಬಹುದಾದದ್ದು ಈ ಮೇಲಿನ ಕೋಣೆಯದು ಮಾತ್ರ. ಎರಿಯ ಮುಕ್ಕಾಲು ಪಾಲಾದರೂ ಮೇಣದಿಂದ ಮುಚ್ಚಿದ ಮೇಲೆ ಅದನ್ನು ಯಂತ್ರದಲ್ಲಿ ತಿರುಗಿಸಿ ಜೇನು ತೆಗೆದು, ಖಾಲಿ ಎರಿಯನ್ನು ಮುರಿಯದೆ ನೊಣಗಳಿಗೇ ಹಿಂದಿರುಗಿಸಬೇಕು. ಏಕೆಂದರೆ ಮೇಣವನ್ನು ನೊಣಗಳು ತಮ್ಮ ಮೈಯಿಂದಲೇ ಸ್ರವಿಸುತ್ತವೆ. ಒಂದು ಕಿಲೋ ಮೇಣ ಮಾಡಲು ಅವು ಹಲವು ಕಿಲೋ ಜೇನು ತಿನ್ನಬೇಕಾಗುತ್ತದೆ. ಪಾಸ್ಕ ಜಾಗರಣೆಯ ರಾತ್ರಿ ದೊಡ್ಡ ಮೇಣದ ಬತ್ತಿಯ ಮುಂದೆ ಹಾಡುವ ಘೋಷಣೆಯಲ್ಲಿ ಧರ್ಮಸಭೆಯು ಜೇನುನೊಣಗಳ ದುಡಿಮೆಯನ್ನು ನೆನೆಯುವುದು ಸುಮ್ಮನೆ ಅಲ್ಲ.

ಆಷಾಢದ ಪರೀಕ್ಷೆ

ಜೇನು ಸಾಕುವವರ ನಿಜವಾದ ಪರೀಕ್ಷೆ ವಸಂತದಲ್ಲಿ ನಡೆಯುವುದಿಲ್ಲ, ಮಳೆಗಾಲದಲ್ಲಿ ನಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಸುರಿಯುವ ಮಳೆಗೆ ನೊಣ ಹೊರಗೆ ಹೋಗುವುದೇ ಕಷ್ಟ. ಹೋದರೂ ಹೂವು ಕಡಿಮೆ, ಇದ್ದ ಹೂವಿನ ಮಕರಂದವನ್ನು ಮಳೆ ತೊಳೆದಿರುತ್ತದೆ. ಆಗ ಸಂಸಾರ ಬದುಕುವುದು ವಸಂತದಲ್ಲಿ ಕೂಡಿಟ್ಟದ್ದರಿಂದ.

ಮೇ ತಿಂಗಳಲ್ಲಿ ಕೊನೆಯ ಎರಿಯನ್ನೂ ಬರಿದುಮಾಡಿದ ಪೆಟ್ಟಿಗೆ ಏನಾಗುತ್ತದೆ? ಮೊದಲು ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ. ನೊಣಗಳ ಸಂಖ್ಯೆ ಇಳಿಯುತ್ತದೆ. ಕಾಯುವವರಿಲ್ಲದ ಖಾಲಿ ಎರಿಗಳಿಗೆ ಮೇಣದ ಪತಂಗ ನುಗ್ಗಿ ಬಲೆ ಕಟ್ಟುತ್ತದೆ. ಕೊನೆಗೊಂದು ದಿನ ಮಳೆ ಹೊಳವಾದಾಗ ಇಡೀ ಸಂಸಾರ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ತುಡುವೆಯ ಸ್ವಭಾವವೇ ಹಾಗೆ. ಹಸುವಿನಂತೆ ಅದನ್ನು ಹಗ್ಗದಲ್ಲಿ ಕಟ್ಟಿಹಾಕಲು ಬರುವುದಿಲ್ಲ. ಮನೆ ಮನೆಯಂತಿದ್ದರೆ ಇರುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ಆದುದರಿಂದ ಅನುಭವಿಗಳ ಕ್ರಮವನ್ನು ಅನುಸರಿಸಿರಿ. ಸಂಸಾರ ಕೋಣೆಯ ಜೇನಿಗೆ ಎಂದೂ ಕೈಹಾಕಬೇಡಿರಿ. ಹೂವಿನ ಕಾಲ ಮುಗಿಯುತ್ತಾ ಬಂದಂತೆ ಬರುವ ಜೇನನ್ನು ನೊಣಗಳಿಗೇ ಬಿಡಿರಿ. ಮಳೆ ಹಿಡಿದ ಮೇಲೆ ಖಾಲಿ ಎರಿಗಳನ್ನು ತೆಗೆದು ಜಾಗ ಕಿರಿದು ಮಾಡಿ, ಅಡಿಮಣೆಯನ್ನು ಆಗಾಗ ಗುಡಿಸಿರಿ. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿರಿ. ಆಹಾರ ಸಾಲದೆಂದು ಕಂಡರೆ ಸಮಪಾಲು ಸಕ್ಕರೆ ಮತ್ತು ಬಿಸಿನೀರು ಕರಗಿಸಿ, ಆರಿಸಿ, ಸಂಜೆ ಹೊತ್ತು ಪೆಟ್ಟಿಗೆಯೊಳಗೆ ಇಡಿರಿ. ಹೊರಗೆ ಚೆಲ್ಲಿದರೆ ಬೇರೆ ಗೂಡಿನ ನೊಣಗಳು ಲೂಟಿಗೆ ಬರುತ್ತವೆ. ಒಂದು ಎಚ್ಚರಿಕೆ: ಹೀಗೆ ಕೊಟ್ಟ ಪಾಕವನ್ನು ನೊಣಗಳು ಎರಿಯಲ್ಲಿ ತುಂಬಿದರೆ ಅದನ್ನು ತೆಗೆದು ಜೇನೆಂದು ಮಾರುವುದು ವಂಚನೆ. ಇನ್ನೊಂದು ಮಾತು ತಾಯಂದಿರಿಗೆ: ಒಂದು ವರ್ಷ ತುಂಬದ ಮಗುವಿಗೆ ಶುದ್ಧ ಜೇನನ್ನೂ ನೆಕ್ಕಿಸಬಾರದೆಂದು ವೈದ್ಯರು ಹೇಳುತ್ತಾರೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಸಂಸಾರಗಳ ಬಹುಪಾಲನ್ನು ಬಲಿ ತೆಗೆದುಕೊಂಡಿತು. ಮರಿಗಳು ಎರಿಯ ಕೋಶದಲ್ಲಿಯೇ ಸತ್ತು ನೀರಿನ ಚೀಲದಂತಾಗುತ್ತಿದ್ದವು. ಔಷಧವಿರಲಿಲ್ಲ. ಎಷ್ಟೋ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಆದರೂ ಅಲ್ಲಲ್ಲಿ ಕೆಲವು ಸಂಸಾರಗಳು ರೋಗವನ್ನು ತಡೆದುಕೊಂಡು ಉಳಿದವು. ತಾಳ್ಮೆಯಿಂದ ಅವುಗಳನ್ನು ಪಾಲು ಮಾಡಿ ಬೆಳೆಸಿದವರಿಂದಲೇ ಈ ಕೃಷಿ ಮತ್ತೆ ತಲೆಯೆತ್ತಿತು. ಉಳಿದದ್ದರಿಂದಲೇ ಹೊಸದು ಹುಟ್ಟುತ್ತದೆ. ಏನನ್ನೂ ಉಳಿಸದಿದ್ದರೆ ಹುಟ್ಟುವುದಾದರೂ ಯಾವುದರಿಂದ?

ನಮ್ಮ ಸಂಸಾರ ಕೋಣೆ

ಲೇವಿಯರ ಗ್ರಂಥದ 19ನೆಯ ಅಧ್ಯಾಯದಲ್ಲಿ ದೇವರು ಇಸ್ರಯೇಲರಿಗೆ ಒಂದು ನಿಯಮ ಕೊಡುತ್ತಾರೆ. ಹೊಲದ ಅಂಚಿನವರೆಗೂ ಕೊಯ್ಯಬಾರದು, ದ್ರಾಕ್ಷಿ ತೋಟವನ್ನು ಪೂರ್ತಿ ಬರಿದುಮಾಡಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು. ಸಂತ ತೋಮಾಸ್ ಅಕ್ವಿನಾಸರೂ ಇದೇ ದಾರಿಯಲ್ಲಿ ಯೋಚಿಸಿದರು: ಆಸ್ತಿಯನ್ನು ಸಂಪಾದಿಸಿ ನೋಡಿಕೊಳ್ಳುವ ಹಕ್ಕು ಮನುಷ್ಯನಿಗೆ ಉಂಟು, ಆದರೆ ಬಳಸುವಾಗ ಅದು ತನ್ನೊಬ್ಬನದೇ ಎಂದು ತಿಳಿಯಬಾರದು, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು. ಪೆಟ್ಟಿಗೆ ನನ್ನದು ಹೌದು. ಅದರೊಳಗಿನ ಎಲ್ಲ ಜೇನೂ ನನ್ನದಲ್ಲ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ಗೇರುಬೀಜ ಮಾರಿದ ಹಣ, ಅಡಿಕೆಯ ಹಣ ಕೈಸೇರುತ್ತದೆ. ಪಾಸ್ಕ ಹಬ್ಬ ಕಳೆದೊಡನೆ ಮದುವೆಗಳ ಭರಾಟೆ. ನೆರೆಯವರು ಮಾಡಿದ್ದಕ್ಕಿಂತ ಒಂದು ಕೈ ಮೇಲಾಗಬೇಕೆಂಬ ಹಟ. ಜೂನ್ ಬಂದಾಗ ಮಕ್ಕಳ ಶಾಲೆಯ ಶುಲ್ಕಕ್ಕೆ, ಹಿರಿಯರ ಔಷಧಕ್ಕೆ ಕೈಸಾಲ. ಹಣದ ಮಾತು ಮಾತ್ರವಲ್ಲ. ದಿನದ ದುಡಿಮೆಯಲ್ಲಿ ತಮ್ಮನ್ನು ಪೂರ್ತಿ ಹಿಂಡಿಕೊಂಡು, ಮನೆಗೆ ಬರುವಾಗ ಮಡದಿ ಮಕ್ಕಳಿಗೆ ಒಂದು ಒಳ್ಳೆಯ ಮಾತನ್ನೂ ಉಳಿಸದೆ ಬರುವವರಿದ್ದಾರೆ. ಅದೂ ಸಂಸಾರ ಕೋಣೆಯನ್ನು ಬರಿದುಮಾಡಿದಂತೆಯೇ. ಹೊರಗಿನಿಂದ ಪೆಟ್ಟಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಆಹಾರವಿಲ್ಲ.

ತಪಸ್ಸುಕಾಲದ ಉಪವಾಸವೆಂದರೆ ಸಮೃದ್ಧಿಯನ್ನು ಹಳಿಯುವುದಲ್ಲ. ಜೇನು ಸಿಹಿಯೇ, ಅದು ದೇವರ ಕೊಡುಗೆಯೇ. ಸಾಕಾಗುವಷ್ಟನ್ನೇ ತಿನ್ನು ಎಂದು ಜ್ಞಾನೋಕ್ತಿಗಳ ಗ್ರಂಥವೂ ಜೇನಿನ ವಿಷಯದಲ್ಲಿಯೇ ಬುದ್ಧಿ ಹೇಳುತ್ತದೆ. ಕೈಗೆ ಎಟಕುವುದೆಲ್ಲವೂ ತೆಗೆಯಬೇಕಾದದ್ದಲ್ಲ ಎಂಬುದನ್ನು ಕೈಗೆ ಕಲಿಸುವ ಅಭ್ಯಾಸವೇ ಉಪವಾಸ.

ಮನೆಯಲ್ಲಿ ಮಾತನಾಡಲು

ಈ ವಾರ ಒಂದು ಸಂಜೆ, ಜಪಸರದ ಪ್ರಾರ್ಥನೆಯ ಬಳಿಕ ಮನೆಯವರೆಲ್ಲ ಕುಳಿತು ಯೋಚಿಸಿರಿ.

1. ಈ ವರ್ಷದ ನಮ್ಮ ದುಡಿಮೆಯಲ್ಲಿ ಮಳೆಗಾಲಕ್ಕೆಂದು ತೆಗೆದಿಟ್ಟದ್ದು ಎಷ್ಟು? ಬಡವರಿಗೆಂದು ಎಷ್ಟು?

2. ಮನೆಯಲ್ಲಿ ಯಾರ ಪಾಲನ್ನು ನಾವು ತಿಳಿದೋ ತಿಳಿಯದೆಯೋ ಬರಿದುಮಾಡುತ್ತಿದ್ದೇವೆ? ವಯಸ್ಸಾದ ತಾಯಿಯದೇ? ಬಿಡುವಿಲ್ಲದೆ ದುಡಿಯುವ ಸೊಸೆಯದೇ?

3. ನಮ್ಮ ಹಿತ್ತಿಲಿನಲ್ಲಿ ಹಕ್ಕಿಗೂ ಜೇನಿಗೂ ಬಿಟ್ಟ ಒಂದು ಮೂಲೆ ಇದೆಯೇ?

ಮೂರನೆಯ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿರಿ. ಆ ಮೂಲೆಯನ್ನು ಅವರೇ ಆರಿಸಲಿ.