ಎಲ್ಲೂ ಬರೆದಿಲ್ಲದ ಮೆಥಡ್ ಎಲ್ಲಿಂದ ಬಂತು?

ಪ್ರಶ್ನೆ: ನನಗೆ 23 ವರ್ಷ. ಊರು ಬಂಗಾರಪೇಟೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಕೆ.ಆರ್. ಪುರದ ಪಿಜಿಯೊಂದರಲ್ಲಿದ್ದೇನೆ. ಇಂದಿರಾನಗರದ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿ ಏಳು ತಿಂಗಳಾಯಿತು. ನಮ್ಮ ಪೈಥಾನ್ ಕೋಡಿನಲ್ಲಿ ‘ಎಂಪ್ಲಾಯೀ’ ಅಂತ ಒಂದು ಕ್ಲಾಸ್ ಇದೆ. ಅದರ ಎಷ್ಟೋ ಮೆಥಡ್‌ಗಳನ್ನು ಹುಡುಕಿದರೆ ಯಾವ ಫೈಲಿನಲ್ಲೂ ಸಿಗುವುದಿಲ್ಲ. ಆದರೆ ಕರೆದರೆ ಉತ್ತರ ಕೊಡುತ್ತವೆ. ಪ್ರೋಗ್ರಾಮ್ ಓಡುವಾಗಲೇ ಹುಟ್ಟುತ್ತವೆ ಅಂದರು. ಎಲ್ಲರಿಗೂ ಅದು ಸಹಜ, ನನಗೆ ಮಾತ್ರ ಮಾಟದ ಹಾಗೆ ಕಾಣುತ್ತದೆ. ಕೇಳಲು ನಾಚಿಕೆ.

ಹೋದ ತಿಂಗಳು ವಿಭಾಗ, ಸೇರಿದ ದಿನ, ವಿಳಾಸ ಎಂಬ ಮೂರು ಆಟ್ರಿಬ್ಯೂಟ್ ಸೇರಿಸಲು ಹೇಳಿದರು. ನಾನೂ ಅವರಂತೆಯೇ ಲೂಪ್ ಹಾಕಿ ಮೆಥಡ್ ಹುಟ್ಟಿಸಿದೆ. ಡೆಮೋದಲ್ಲಿ ವಿಭಾಗ ಕೇಳಿದರೂ ವಿಳಾಸ ಬಂತು, ದಿನ ಕೇಳಿದರೂ ವಿಳಾಸವೇ ಬಂತು. ಎಲ್ಲರೂ ನಕ್ಕರು. ಸೀನಿಯರ್ ಒಬ್ಬರು ‘ಇದು ಬೇಸಿಕ್ ಅಲ್ವಾ?’ ಅಂದರು. ಅವತ್ತಿನಿಂದ ಬೆಳಗಾದರೆ ಹೊಟ್ಟೆ ತೊಳಸುತ್ತದೆ. ಮೆಟ್ರೋದಲ್ಲಿ ಹೋಗುವಾಗ ಬೈಯಪ್ಪನಹಳ್ಳಿಯಲ್ಲೇ ಇಳಿದು ಹದಿನೈದು ನಿಮಿಷ ಬೆಂಚಿನ ಮೇಲೆ ಕೂತು, ಆಮೇಲೆ ಮುಂದಿನ ರೈಲು ಹತ್ತುತ್ತೇನೆ. ಮನೆಗೆ ಫೋನ್ ಮಾಡಿದಾಗ ‘ಎಲ್ಲಾ ಚೆನ್ನಾಗಿದೆ’ ಅನ್ನುತ್ತೇನೆ. ನನಗೆ ಈ ಕೆಲಸಕ್ಕೆ ಬೇಕಾದ ಬುದ್ಧಿಯೇ ಇಲ್ಲವೇನೋ. ಬಿಟ್ಟುಬಿಡಲೇ?
ಹೆಸರು ಬೇಡ, ಕೆ.ಆರ್. ಪುರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು ಕೋಡು. ಎರಡನೇ ಸಲ ಮನಸ್ಸಿನಲ್ಲಿ ಉಳಿದದ್ದು ಬೈಯಪ್ಪನಹಳ್ಳಿಯ ಬೆಂಚು. ಹೊಟ್ಟೆ ತೊಳಸುತ್ತಿದ್ದರೂ ನೀವು ಮುಂದಿನ ರೈಲು ಹತ್ತುತ್ತೀರಿ. ದಿನವೂ ಹತ್ತುತ್ತೀರಿ. ಅದಕ್ಕೆ ಎಷ್ಟು ಧೈರ್ಯ ಬೇಕು ಎಂದು ಆ ಬೆಂಚಿನ ಮೇಲೆ ಕೂತವರಿಗೇ ಗೊತ್ತು. ತುಂಬಿದ ಕೋಣೆಯಲ್ಲಿ ನಾವು ಮಾಡಿದ ಕೆಲಸ ಎಲ್ಲರ ಎದುರು ತಪ್ಪಿ, ಸುತ್ತ ನಗು ಕೇಳಿಸಿದರೆ ಯಾರಿಗಾದರೂ ಗಾಯವಾಗುತ್ತದೆ. ಅದು ದೌರ್ಬಲ್ಯವಲ್ಲ. ನೀವು ಮಾಡುವ ಕೆಲಸದ ಬಗ್ಗೆ ನಿಮಗೆ ಕಾಳಜಿ ಇರುವುದರಿಂದಲೇ ಅಷ್ಟು ನೋವಾಯಿತು.

ಕೆಲಸ ಬಿಡುವ ಮಾತನ್ನು ಸ್ವಲ್ಪ ಪಕ್ಕಕ್ಕಿಡೋಣ. ಮೊದಲು ಆ ‘ಮಾಟ’ದ ಬಗ್ಗೆ ಮಾತಾಡೋಣ, ಯಾಕೆಂದರೆ ನಿಮ್ಮ ಭಯದ ಬೇರು ಅಲ್ಲಿದೆ.

ನೀವು ಮಾತಾಡುವ ಭಾಷೆಯನ್ನೇ ನೋಡಿ. ಶಿವಾಜಿನಗರಕ್ಕೆ, ಹಲಸೂರಿಗೆ, ಬೆನ್ನಿಗಾನಹಳ್ಳಿಗೆ. ಒಂದಕ್ಕೆ ‘ಕ್ಕೆ’, ಒಂದಕ್ಕೆ ‘ಇಗೆ’, ಇನ್ನೊಂದಕ್ಕೆ ಬರೀ ‘ಗೆ’. ಈ ರೂಪಗಳನ್ನು ನಿಮಗೆ ಯಾರೂ ಒಂದೊಂದಾಗಿ ಕಲಿಸಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಜನ ‘ಮೆಟ್ರೋಗೆ ಹೋಗೋಣ’, ‘ಮೆಟ್ರೋದಲ್ಲಿ ಬಂದೆ’ ಎಂದರು. ಪದ ಹೊರಗಿನಿಂದ ಬಂತು, ಅದರ ರೂಪಗಳು ಬಾಯಲ್ಲೇ ಹುಟ್ಟಿದವು. ಕಿಟ್ಟೆಲ್ ಅವರ 1894ರ ನಿಘಂಟನ್ನು ತೆಗೆದು ‘ಹಲಸೂರಿಗೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಸಿಗಲಿಲ್ಲವೆಂದು ‘ನನಗೆ ಕನ್ನಡ ಬರುವುದಿಲ್ಲ’ ಎಂದು ನೀವು ಅಳುವುದಿಲ್ಲ. ಅದು ನಿಘಂಟಿನಲ್ಲಿ ಇರುವಂಥದ್ದಲ್ಲ, ವ್ಯಾಕರಣದಲ್ಲಿ ಇರುವಂಥದ್ದು ಎಂದು ನಿಮಗೆ ಗೊತ್ತು. ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ಮಾಡಿದ್ದು ಇದನ್ನೇ. ಪ್ರತಿ ಪದದ ಪ್ರತಿ ರೂಪವನ್ನು ಬರೆದಿಡುವ ಬದಲು, ರೂಪಗಳನ್ನು ಹುಟ್ಟಿಸುವ ಸೂತ್ರಗಳನ್ನು ಬರೆದಿಟ್ಟ.

ನಿಮ್ಮ ‘ಎಂಪ್ಲಾಯೀ’ ಕ್ಲಾಸೂ ಹಾಗೆಯೇ. ನಲವತ್ತು ಆಟ್ರಿಬ್ಯೂಟಿಗೆ ನಲವತ್ತು ಒಂದೇ ಥರದ ಮೆಥಡ್ ಬರೆಯುವ ಬದಲು ಯಾರೋ ಒಂದು ಸೂತ್ರ ಬರೆದಿದ್ದಾರೆ. ನೀವು ನಿಘಂಟಿನಲ್ಲಿ ಹುಡುಕುತ್ತಿದ್ದೀರಿ, ಅದು ವ್ಯಾಕರಣದಲ್ಲಿದೆ. ನಿಮ್ಮ ಬುದ್ಧಿ ಕಡಿಮೆಯಲ್ಲ, ಹುಡುಕಿದ ಜಾಗ ಬೇರೆ. ಕನ್ನಡ ಮಾಧ್ಯಮ ಎಂದು ತಗ್ಗಿದ ದನಿಯಲ್ಲಿ ಬರೆದಿದ್ದೀರಲ್ಲ, ಪ್ರತ್ಯಯಗಳ ಭಾಷೆಯಲ್ಲಿ ಬೆಳೆದ ನಿಮಗೆ ಈ ವಿಚಾರ ಹೊಸದೇನಲ್ಲ.

ಈಗ ಆ ಡೆಮೋ ದಿನ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಏನಾಯಿತು ಎಂದು ಅರ್ಥವಾದರೆ ಅರ್ಧ ಭಾರ ಇಳಿಯುತ್ತದೆ.

ಒಂದು ದರ್ಶಿನಿ ಅಂದುಕೊಳ್ಳಿ. ಗೋಡೆಯ ಮೇಲೆ ಒಂದೇ ಕಪ್ಪು ಹಲಗೆ. ಮಾಲೀಕರು ಅದರ ಮೇಲೆ ‘ಇಡ್ಲಿ’ ಎಂದು ಬರೆದು ಮೊದಲ ಹುಡುಗನಿಗೆ ‘ಹಲಗೆ ನೋಡಿ ತಂದುಕೊಡು’ ಅನ್ನುತ್ತಾರೆ. ಅಳಿಸಿ ‘ಪೂರಿ’ ಎಂದು ಬರೆದು ಎರಡನೆಯವನಿಗೂ ಅದೇ ಮಾತು. ಅಳಿಸಿ ‘ಚೌಚೌ ಬಾತ್’ ಎಂದು ಬರೆದು ಮೂರನೆಯವನಿಗೂ ಅದೇ ಮಾತು. ಮೂವರೂ ಹೊರಡುವುದು ಇದೆಲ್ಲ ಮುಗಿದ ಮೇಲೆ. ಹಲಗೆ ನೋಡುತ್ತಾರೆ, ಮೂವರೂ ಚೌಚೌ ಬಾತ್ ತರುತ್ತಾರೆ. ಹುಡುಗರದು ತಪ್ಪಿಲ್ಲ, ಹೇಳಿದ್ದನ್ನೇ ಮಾಡಿದರು. ಒಬ್ಬೊಬ್ಬರ ಕೈಗೂ ಒಂದೊಂದು ಚೀಟಿ ಕೊಟ್ಟಿದ್ದರೆ ಅವರವರದು ಅವರವರು ತರುತ್ತಿದ್ದರು.

ನಿಮ್ಮ ಲೂಪಿನ ಚರಾಂಶವೇ ಆ ಹಲಗೆ. ಹುಟ್ಟಿದ ಮೂರು ಮೆಥಡ್‌ಗಳೂ ಹೆಸರನ್ನು ಕೈಯಲ್ಲಿ ಹಿಡಿದು ಹುಟ್ಟಲಿಲ್ಲ, ‘ಕರೆದಾಗ ಹಲಗೆ ನೋಡು’ ಎಂಬ ಮಾತನ್ನಷ್ಟೇ ಹಿಡಿದು ಹುಟ್ಟಿದವು. ಲೂಪ್ ಮುಗಿದಾಗ ಹಲಗೆಯ ಮೇಲೆ ಕೊನೆಗೆ ಬರೆದದ್ದು ‘ವಿಳಾಸ’. ಹಾಗಾಗಿ ಎಲ್ಲದಕ್ಕೂ ವಿಳಾಸವೇ ಉತ್ತರ. ಚೀಟಿ ಕೊಡುವುದು ಕಷ್ಟವಲ್ಲ. ಒಳಗಿನ ಫಂಕ್ಷನ್‌ಗೆ ಆ ಹೆಸರನ್ನು ಡಿಫಾಲ್ಟ್ ಆರ್ಗ್ಯುಮೆಂಟ್ ಆಗಿ ಕೊಡಿ. ಇಲ್ಲವೇ, ಹೆಸರು ತೆಗೆದುಕೊಂಡು ಮೆಥಡ್ ಮಾಡಿಕೊಡುವ ಇನ್ನೊಂದು ಸಣ್ಣ ಫಂಕ್ಷನ್ ಹೊರಗೆ ಬರೆದು, ಲೂಪಿನಿಂದ ಅದನ್ನು ಕರೆಯಿರಿ. ಓದುವವರಿಗೆ ಎರಡನೆಯದು ಹೆಚ್ಚು ಸ್ಪಷ್ಟ ಎಂದು ನನ್ನ ಅಭಿಪ್ರಾಯ.

ಇದು ‘ಬೇಸಿಕ್’ ತಪ್ಪೇ? ಪೈಥಾನ್‌ನ ಅಧಿಕೃತ ದಾಖಲೆಗಳಲ್ಲಿ ‘ಪದೇ ಪದೇ ಕೇಳುವ ಪ್ರಶ್ನೆಗಳು’ ಎಂಬ ಭಾಗವಿದೆ. ಲೂಪಿನಲ್ಲಿ ಹುಟ್ಟಿದ ಫಂಕ್ಷನ್‌ಗಳೆಲ್ಲ ಒಂದೇ ಉತ್ತರ ಕೊಡುವುದೇಕೆ ಎಂಬ ಪ್ರಶ್ನೆ ಅಲ್ಲೇ ಇದೆ. ಒಬ್ಬರಿಬ್ಬರು ಎಡವಿದ್ದಕ್ಕೆ ಯಾರೂ ಅಂಥ ಜಾಗದಲ್ಲಿ ಉತ್ತರ ಬರೆದಿಡುವುದಿಲ್ಲ. ಸಿ ಶಾರ್ಪ್ ಭಾಷೆಯಲ್ಲೂ ಜನ ಹೀಗೇ ಎಡವುತ್ತಿದ್ದರು. 2012ರಲ್ಲಿ ಅದರ ‘ಫಾರ್‌ಈಚ್’ ಲೂಪಿನ ನಡತೆಯನ್ನೇ ಬದಲಿಸಿದರು. ಗೋ ಭಾಷೆ 2024ರ ಫೆಬ್ರವರಿಯಲ್ಲಿ, 1.22ನೇ ಆವೃತ್ತಿಯಲ್ಲಿ, ಪ್ರತಿ ಸುತ್ತಿಗೂ ಹೊಸ ಚರಾಂಶ ಕೊಡಲು ಶುರುಮಾಡಿತು. ಅನುಭವಿಗಳು ಮತ್ತೆ ಮತ್ತೆ ಬಿದ್ದ ಗುಂಡಿ ಎಂದು ಭಾಷೆ ಕಟ್ಟುವವರೇ ಒಪ್ಪಿ ಮುಚ್ಚಿದ್ದಾರೆ. ನೀವು ಬಿದ್ದದ್ದು ಆ ಗುಂಡಿಗೆ. ಅಂದು ನಕ್ಕವರಲ್ಲಿ ಒಂದಿಬ್ಬರು ತಾವೂ ಅಲ್ಲಿ ಬಿದ್ದದ್ದು ನೆನಪಾಗಿ ನಕ್ಕಿರಬಹುದು. ನೀವು ಅದನ್ನು ಹಾಗೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಅಷ್ಟೇ.

ನನ್ನದೂ ಒಂದು ಹೇಳುತ್ತೇನೆ. ಆಪ್ತಸಲಹೆಗೆ ಬರುವ ಮುಂಚೆ ನಾನು ಕಂಟೋನ್ಮೆಂಟ್ ಕಡೆಯ ಆಫೀಸೊಂದರಲ್ಲಿ ಪರ್ಲ್ ಭಾಷೆಯಲ್ಲಿ ಕೋಡ್ ಬರೆಯುತ್ತಿದ್ದೆ. ಪರ್ಲ್‌ನಲ್ಲಿ ‘ಆಟೋಲೋಡ್’ ಎಂಬುದೊಂದಿದೆ. ಇಲ್ಲದ ಮೆಥಡನ್ನು ಕರೆದರೆ ಅದು ಮುಂದೆ ಬಂದು ಉತ್ತರ ಕೊಡುತ್ತದೆ. ಯಾವ ಹೆಸರು ಬಂದರೂ ಒಪ್ಪಿಕೊಳ್ಳುವ ಹಾಗೆ ನಾನು ಅದನ್ನು ಬರೆದಿದ್ದೆ. ಒಂದು ಕಡೆ ‘ಅಡ್ರೆಸ್’ ಎಂಬುದರಲ್ಲಿ ಒಂದು ‘ಡಿ’ ಬಿಟ್ಟು ಟೈಪ್ ಮಾಡಿದೆ. ಎರರ್ ಬರಲಿಲ್ಲ, ವಿಳಾಸದ ಜಾಗ ಖಾಲಿ ಬಂತು. ಮೂರು ದಿನ ಹುಡುಕಿದೆ. ಮೂರನೇ ರಾತ್ರಿ ನನಗೂ ನಿಮ್ಮ ಪತ್ರದ ಕೊನೆಯ ಸಾಲಿನಂಥದ್ದೇ ಯೋಚನೆ ಬಂದಿತ್ತು. ಮರುದಿನ ಪಕ್ಕದ ಮೇಜಿನವರನ್ನು ಕರೆದು ತೋರಿಸಿದೆ, ಅವರು ಐದೇ ನಿಮಿಷದಲ್ಲಿ ಕಂಡುಹಿಡಿದರು. ಮೂರು ದಿನ ನಾನು ಹೋರಾಡಿದ್ದು ಕೋಡಿನ ಜೊತೆಯಲ್ಲ, ಕೇಳುವ ಸಂಕೋಚದ ಜೊತೆ.

ಹಾಗಾದರೆ ಏನು ಮಾಡಬಹುದು? ಒಂದೇ ದಿನಕ್ಕೆ ಎಲ್ಲ ಬೇಡ. ಈ ವಾರ ಒಂದು ಮೆಥಡನ್ನು ಮಾತ್ರ ಆರಿಸಿಕೊಳ್ಳಿ, ಅದು ಹುಟ್ಟುವ ಜಾಗ ಯಾವುದು ಎಂದು ನೋಡಿ. ಪೈಥಾನ್‌ನಲ್ಲಿ ಸಾಮಾನ್ಯವಾಗಿ ಎರಡು ದಾರಿ. ಒಂದೋ ಯಾರಾದರೂ ‘ಸೆಟ್‌ಆಟ್ರ್’ ಬಳಸಿ ಮೆಥಡನ್ನು ಕ್ಲಾಸಿಗೆ ಅಂಟಿಸಿರುತ್ತಾರೆ, ಇಲ್ಲವೇ ‘ಗೆಟ್‌ಆಟ್ರ್’ ಎಂಬ ವಿಶೇಷ ಮೆಥಡ್ ಬಾಗಿಲಲ್ಲಿ ನಿಂತು, ಬೇರೆಲ್ಲೂ ಸಿಗದ ಹೆಸರಿಗೆ ಮಾತ್ರ ಉತ್ತರ ಕೊಡುತ್ತಿರುತ್ತದೆ. ಕ್ಲಾಸಿನ ಮೇಲೆ ‘ವಾರ್ಸ್’ ಕರೆದು ಪ್ರಿಂಟ್ ಮಾಡಿ, ಅದರ ತಾಯಿ ಕ್ಲಾಸುಗಳ ಮೇಲೂ ಮಾಡಿ. ಹೆಸರು ಕಂಡರೆ ಅಂಟಿಸಿದ್ದು, ಎಲ್ಲೂ ಕಾಣದಿದ್ದರೆ ಬಾಗಿಲ ಕಾವಲನ್ನು ಹುಡುಕಿ. ಅಂಟಿಸಿದ ಫಂಕ್ಷನ್ ಆದರೆ, ಅದು ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ಹುಟ್ಟಿತು ಎಂಬುದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ‘ಇನ್‌ಸ್ಪೆಕ್ಟ್’ ಮಾಡ್ಯೂಲ್ ಅದನ್ನು ಹೇಳುತ್ತದೆ. ಆ ಸಾಲನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ, ನಿಮಗೆ ಸಲೀಸಾದ ಕನ್ನಡದಲ್ಲೇ ಬರೆದಿಡಿ: ಈ ಮೆಥಡ್ ಇಲ್ಲಿ ಹುಟ್ಟುತ್ತದೆ, ಇದರ ಹೆಸರು ಈ ಪಟ್ಟಿಯಿಂದ ಬರುತ್ತದೆ. ಮಾಟಕ್ಕೆ ಒಂದು ವಿಳಾಸ ಸಿಕ್ಕ ಕೂಡಲೇ ಅದು ಮಾಟವಾಗಿ ಉಳಿಯುವುದಿಲ್ಲ.

ಇನ್ನೊಂದು ಸಣ್ಣ ಅಭ್ಯಾಸ. ಸೂತ್ರದಿಂದ ಮೆಥಡ್ ಹುಟ್ಟಿಸಿದಾಗ, ಪ್ರತಿ ಆಟ್ರಿಬ್ಯೂಟಿಗೂ ಬೇರೆ ಬೇರೆ ಮೌಲ್ಯ ಕೊಟ್ಟು ಟೆಸ್ಟ್ ಬರೆಯಿರಿ. ಎಲ್ಲದಕ್ಕೂ ‘ಎಬಿಸಿ’ ಎಂದೇ ಕೊಟ್ಟರೆ ನಿಮ್ಮ ಹಲಗೆಯ ತಪ್ಪು ಅಡಗಿಬಿಡುತ್ತದೆ. ಹಾಗೆಯೇ, ಎಲ್ಲವನ್ನೂ ಸೂತ್ರದಿಂದಲೇ ಹುಟ್ಟಿಸಬೇಕು ಎಂದೇನಿಲ್ಲ. ಕನ್ನಡದಲ್ಲಿ ಮರಗಳು, ಬಸ್ಸುಗಳು ಎಂದರೂ ಅಣ್ಣಂದಿರನ್ನು ‘ಅಣ್ಣಗಳು’ ಅನ್ನುವುದಿಲ್ಲ. ನಾಲ್ಕೇ ಆಟ್ರಿಬ್ಯೂಟ್ ಇದ್ದರೆ, ಅಥವಾ ಒಂದೊಂದರ ನಡತೆ ಒಂದೊಂದು ಥರ ಇದ್ದರೆ, ಕೈಯಲ್ಲೇ ಬರೆಯುವುದು ಒಳ್ಳೆಯದು. ಹಾಗೆ ಬರೆಯುವುದರಲ್ಲಿ ನಾಚಿಕೆ ಇಲ್ಲ. ಡೇಟಾಬೇಸಿನ ಕಾಲಂ ಹೆಸರು ನೋಡಿ ಮೆಥಡ್ ಹುಟ್ಟಿಸುವುದನ್ನು ಜನಪ್ರಿಯ ಮಾಡಿದ ರೂಬಿ ಆನ್ ರೈಲ್ಸ್ ಕೂಡ 2013ರ ನಾಲ್ಕನೇ ಆವೃತ್ತಿಯಲ್ಲಿ, ಹೆಸರಿನಿಂದಲೇ ಹುಟ್ಟುತ್ತಿದ್ದ ಹುಡುಕುವ ಮೆಥಡ್‌ಗಳಲ್ಲಿ ಹೆಚ್ಚಿನವನ್ನು ಕೈಬಿಡುವ ದಾರಿ ಹಿಡಿಯಿತು.

ಆಮೇಲೆ, ಕೇಳುವುದು. ಇದು ನಿಮಗೆ ಎಲ್ಲಕ್ಕಿಂತ ಕಷ್ಟ ಎಂದು ಗೊತ್ತು. ಎಲ್ಲರ ಮುಂದೆ ಕೇಳಬೇಡಿ. ಆ ಸೀನಿಯರ್ ಒಬ್ಬರೇ ಇರುವಾಗ ಹೋಗಿ, ‘ನಾನು ಇಲ್ಲಿವರೆಗೆ ಹುಡುಕಿದ್ದೀನಿ, ಮುಂದಕ್ಕೆ ಗೊತ್ತಾಗ್ತಿಲ್ಲ, ಹತ್ತು ನಿಮಿಷ ಕೂತ್ಕೊಳ್ತೀರಾ?’ ಎನ್ನಿ. ನೋಟ್‌ಬುಕ್ ಕೈಯಲ್ಲಿರಲಿ. ಹುಡುಕಿ ಬಂದವರಿಗೆ ಹೇಳಿಕೊಡಲು ಹೆಚ್ಚಿನವರು ಖುಷಿಪಡುತ್ತಾರೆ. ಅವರು ಒರಟಾಗಿ ನಡೆದುಕೊಂಡರೆ, ಅದು ಮತ್ತೆ ಮತ್ತೆ ಆದರೆ, ಆಗ ಮ್ಯಾನೇಜರ್ ಹತ್ತಿರ ಮಾತಾಡಬೇಕಾದ ವಿಷಯ ಅದು, ನಿಮ್ಮ ಬುದ್ಧಿಯ ವಿಷಯವಲ್ಲ. ಆಫೀಸಿನ ಹೊರಗೂ ಜನ ಇದ್ದಾರೆ. ಬೆಂಗಳೂರಿನ ಪೈಥಾನ್ ಬಳಗ ‘ಬ್ಯಾಂಗ್‌ಪೈಪರ್ಸ್’ ಸಭೆ ಸೇರುತ್ತದೆ. ದೇಶದ ಮೊದಲ ಪೈಕಾನ್ ನಡೆದದ್ದೂ ಇದೇ ಊರಿನಲ್ಲಿ, 2009ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಅನುಭವಿಗಳು ಎಷ್ಟು ಸಲೀಸಾಗಿ ‘ಗೊತ್ತಿಲ್ಲ’ ಅನ್ನುತ್ತಾರೆ ಎಂದು ಕೇಳಿಸಿಕೊಳ್ಳಿ.

ಈ ಅಂಕಣ ಓದುವ ಸೀನಿಯರ್‌ಗಳಿಗೂ ಒಂದು ಮಾತು. ಕೋಡಿನಲ್ಲಿ ಕಾಣದ ಮೆಥಡ್ ಹುಟ್ಟಿಸುವವರು ನೀವಾದರೆ, ಕ್ಲಾಸಿನ ತಲೆಯ ಮೇಲೆ ಒಂದು ಸಾಲು ಬರೆದಿಡಿ: ಇವು ಎಲ್ಲಿ ಹುಟ್ಟುತ್ತವೆ ಎಂದು. ಆ ಒಂದು ಸಾಲಿಲ್ಲದೆ ಎಷ್ಟು ಜನ ಹೊಸಬರು ರಾತ್ರಿ ನಿದ್ದೆಗೆಟ್ಟಿದ್ದಾರೆ ಎಂದು ನಿಮಗೆ ಕಾಣುವುದಿಲ್ಲ. ನನಗೆ ಪತ್ರಗಳಲ್ಲಿ ಕಾಣುತ್ತದೆ.

ಈಗ ನಿಮ್ಮ ಹೊಟ್ಟೆಯ ವಿಷಯ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ನೀವೂ ತೆಗೆದುಕೊಳ್ಳಬೇಡಿ. ಒಂದು ತಿಂಗಳಿಂದ ಬೆಳಗಾದರೆ ತೊಳಸುತ್ತಿದೆ ಎಂದರೆ ಮೊದಲು ಹತ್ತಿರದ ವೈದ್ಯರಿಗೆ ತೋರಿಸಿ. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ‘ನಾನು ಯಾತಕ್ಕೂ ಬೇಡ’ ಎಂಬ ಯೋಚನೆ ಸುಳಿದರೆ, ಕಾಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ-ಮಾನಸ್ ಸಹಾಯವಾಣಿ ಇದೆ. ಅದಕ್ಕೆ ನಮ್ಮ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಹಗಲು ರಾತ್ರಿ ಯಾವ ಹೊತ್ತಿಗಾದರೂ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಕರೆ ಮಾಡಲು ದೊಡ್ಡ ಕಾರಣವೇ ಬೇಕೆಂದಿಲ್ಲ. ಬೈಯಪ್ಪನಹಳ್ಳಿಯ ಬೆಂಚಿನಿಂದಲೇ ಮಾಡಬಹುದು.

ಮನೆಯವರಿಗೆ ಎಲ್ಲವನ್ನೂ ಹೇಳಬೇಕಾಗಿಲ್ಲ. ಆದರೆ ಮುಂದಿನ ಭಾನುವಾರ ಫೋನ್ ಮಾಡಿದಾಗ ‘ಎಲ್ಲಾ ಚೆನ್ನಾಗಿದೆ’ ಎನ್ನುವ ಬದಲು ‘ಕೆಲಸ ಸ್ವಲ್ಪ ಕಷ್ಟ ಆಗ್ತಿದೆ, ಕಲೀತಿದ್ದೀನಿ’ ಎಂದು ನೋಡಿ. ಎರಡೂ ನಿಜವಾದ ಮಾತು.

ಬಿಡುವ ತೀರ್ಮಾನವನ್ನು ಮೂರು ತಿಂಗಳು ಮುಂದಕ್ಕೆ ಹಾಕಿ. ಹೊಟ್ಟೆ ತೊಳಸುವ ಬೆಳಗಿನಲ್ಲಿ ಅಂಥ ತೀರ್ಮಾನ ಮಾಡಬಾರದು. ಆಮೇಲೂ ಈ ಕೆಲಸ ನಿಮಗೆ ಒಗ್ಗುವುದಿಲ್ಲ ಅನ್ನಿಸಿದರೆ ಬಿಡಬಹುದು, ಅದರಲ್ಲಿ ತಪ್ಪೇನಿಲ್ಲ. ಅಷ್ಟರೊಳಗೆ ಒಂದು ಮೆಥಡಿನ ಹುಟ್ಟೂರು ಸಿಕ್ಕರೆ ನನಗೆ ಎರಡು ಸಾಲು ಬರೆದು ತಿಳಿಸಿ. ಹೆಸರು ಹಾಕುವುದು ಬೇಡ, ‘ಕೆ.ಆರ್. ಪುರ’ ಎಂದಿದ್ದರೆ ಸಾಕು, ನನಗೆ ಗೊತ್ತಾಗುತ್ತದೆ.