ಮನೆಯ ಬೇಕರಿ ಕೆಲಸಕ್ಕೆ ಹಿಟ್ಟು ಕಲಸುವ ಯಂತ್ರವನ್ನು ಆರಿಸುವ ಬಗೆ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಮುಖಂಡರ ಹಾಗೂ ಹಿಡುವಳಿದಾರರ ಅವಗಾಹನೆಗಾಗಿ)

ಮೇಲ್ಕಂಡ ನಾಲ್ಕು ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಗಳು. ರಾಗಿ, ಕಡಲೆಕಾಯಿ, ಹುಣಿಸೆ, ಅಲ್ಲಲ್ಲಿ ತೆಂಗು, ಇವು ಇಲ್ಲಿನ ಪರಿಚಿತ ಫಸಲುಗಳು. ಇವುಗಳನ್ನು ಇದ್ದಂತೆಯೇ ಮಂಡಿಗೆ ಸಾಗಿಸುವುದರ ಜೊತೆಗೆ, ಮನೆಯಲ್ಲಿಯೇ ಬಿಸ್ಕತ್ತು, ಬ್ರೆಡ್ಡು, ಕೇಕುಗಳನ್ನಾಗಿ ಮಾಡಿ ಉಣ್ಣುವ ಮತ್ತು ಮಾರುವ ಪ್ರಯತ್ನವು ಈಚೆಗೆ ಹಳ್ಳಿಗಳಲ್ಲಿಯೂ ಕಂಡುಬರುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಈ ಕೆಲಸಕ್ಕೆ ಇಳಿದವರು ಮೊದಲು ಕೊಳ್ಳಬಯಸುವುದು ಹಿಟ್ಟು ಕಲಸುವ ಯಂತ್ರವನ್ನು. ಪೇಟೆಯಲ್ಲಿ ಇದಕ್ಕೆ ಸ್ಟ್ಯಾಂಡ್ ಮಿಕ್ಸರ್ ಎಂದು ಹೆಸರು. ಸ್ತ್ರೀಶಕ್ತಿ ಸಂಘದವರು ಸಾಲಕ್ಕೆ ಅರ್ಜಿ ಹಾಕುವ ಮೊದಲು ಗ್ರಾಮದ ಹಿರಿಯರ ಅಭಿಪ್ರಾಯವನ್ನು ಕೇಳುವುದುಂಟು. ಆದಕಾರಣ ಈ ಯಂತ್ರದ ಗುಣದೋಷಗಳನ್ನು ಮುಖಂಡರೂ ತಿಳಿದಿರುವುದು ಅವಶ್ಯಕ.

ಒಂದು ತಪ್ಪಿನ ವೃತ್ತಾಂತ

ಕೆಲವು ವರ್ಷಗಳ ಹಿಂದೆ ಶಿರಾ ತಾಲ್ಲೂಕಿನ ಒಂದು ಗ್ರಾಮದಲ್ಲಿ ಹತ್ತು ಮಂದಿ ಹೆಂಗಸರ ಸಂಘವೊಂದು ಬ್ರೆಡ್ಡು ಮತ್ತು ರಾಗಿ ಬಿಸ್ಕತ್ತನ್ನು ಮಾಡಿ ಸಂತೆಯಲ್ಲಿ ಮಾರಬೇಕೆಂದು ನಿಶ್ಚಯಿಸಿತು. ಯಾವ ಯಂತ್ರವನ್ನು ಕೊಳ್ಳಬೇಕೆಂದು ನನ್ನನ್ನು ಕೇಳಿದರು. ನಾನು ಪೆಟ್ಟಿಗೆಯ ಮೇಲಿನ ಬರಹವನ್ನು ನೋಡಿ, 1,200 ವಾಟ್, 5 ಲೀಟರ್ ಎಂದಿದ್ದ ಯಂತ್ರವೇ ಸಾಕೆಂದು ಹೇಳಿದೆನು. ಐದು ಲೀಟರ್ ಪಾತ್ರೆಯಲ್ಲವೇ ಎಂದು ಅವರು ಒಂದೊಂದು ಸಲಕ್ಕೆ ಎರಡು ಕಿಲೋ ಗೋಧಿ ಹಿಟ್ಟನ್ನು ಹಾಕಿ ಕಲಸಿದರು. ಮೂರನೆಯ ವಾರದಲ್ಲಿ ಒಳಗಿನ ಹಲ್ಲುಚಕ್ರವು ಸವೆದು ಮುರಿಯಿತು. ಗೃಹಕೃತ್ಯಕ್ಕೆಂದು ಮಾರಿದ ಯಂತ್ರವನ್ನು ವ್ಯಾಪಾರಕ್ಕೆ ಉಪಯೋಗಿಸಿರುವುದರಿಂದ ಖಾತರಿಯು ಅನ್ವಯಿಸದೆಂದು ಅಂಗಡಿಯವರು ಹೇಳಿದರು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಆ ಹೆಂಗಸರು ಹನ್ನೊಂದು ತಿಂಗಳು ಕೈಯಲ್ಲಿ ಹಿಟ್ಟು ನಾದಿ ಕಂತು ತೀರಿಸಿದರು. ಈ ನಷ್ಟಕ್ಕೆ ಕಾರಣವು ನನ್ನ ಅರೆತಿಳಿವಳಿಕೆ. ಅದೇ ತಪ್ಪು ಮತ್ತೊಂದು ಗ್ರಾಮದಲ್ಲಿ ಆಗದಿರಲೆಂದು ಈ ಲೇಖನವನ್ನು ಬರೆದಿದ್ದೇನೆ.

ಯಂತ್ರದ ಸ್ವರೂಪ

ಮನೆಗಳಲ್ಲಿರುವ ಮಿಕ್ಸಿಗೂ ಇದಕ್ಕೂ ಸಂಬಂಧವಿಲ್ಲ. ಮಿಕ್ಸಿಯು ಅತಿ ವೇಗವಾಗಿ ತಿರುಗುವ ಅಲಗಿನಿಂದ ಪದಾರ್ಥವನ್ನು ಕತ್ತರಿಸಿ ಅರೆಯುವುದು. ಕಲಸುವ ಯಂತ್ರವು ಹಿಟ್ಟನ್ನು ನಿಧಾನವಾಗಿ ಎಳೆದು, ಮಡಿಸಿ, ನಾದುವುದು. ಇದರ ಪಾತ್ರೆ ಕದಲುವುದಿಲ್ಲ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಾ ಸೂರ್ಯನನ್ನೂ ಸುತ್ತುವಂತೆ, ಮೇಲಿನಿಂದ ಇಳಿಬಿಟ್ಟ ಕೋಲು ತಾನೂ ತಿರುಗಿ ಪಾತ್ರೆಯನ್ನೂ ಸುತ್ತುವುದು. ಈ ಬಗೆಯ ಯಂತ್ರವನ್ನು ಅಮೆರಿಕದ ಓಹಾಯೊ ಸಂಸ್ಥಾನದ ಹೋಬಾರ್ಟ್ ಕಂಪೆನಿಯವರು ಮೊದಲು ಬೇಕರಿಗಳಿಗಾಗಿ ತಯಾರಿಸಿ, 1919ರಲ್ಲಿ ಕಿಚನ್‌ಏಡ್ ಎಂಬ ಹೆಸರಿನಿಂದ ಮನೆಗಳಿಗೆ ತಕ್ಕ ಚಿಕ್ಕ ಯಂತ್ರವನ್ನು ಮಾರಾಟಕ್ಕೆ ತಂದರು. ಈಗ ಅನೇಕ ಕಂಪೆನಿಗಳ ಯಂತ್ರಗಳು ದೊರೆಯುತ್ತವೆ.

ಯಂತ್ರದ ಜೊತೆಗೆ ಮೂರು ಉಪಕರಣಗಳು ಬರುತ್ತವೆ. ಕೊಕ್ಕೆಯು ಬ್ರೆಡ್ಡಿನ ಹಿಟ್ಟನ್ನು ನಾದುವುದಕ್ಕೆ. ಚಪ್ಪಟೆಯ ಬೀಟರು ಬೆಣ್ಣೆ ಸಕ್ಕರೆಗಳನ್ನು ಬೆರೆಸುವುದಕ್ಕೆ ಮತ್ತು ಬಿಸ್ಕತ್ತಿನ ಹಿಟ್ಟಿಗೆ. ತಂತಿಯ ಕಡಗೋಲು ಮೊಟ್ಟೆ, ಕೆನೆಗಳನ್ನು ನೊರೆ ಬರಿಸುವುದಕ್ಕೆ.

ಹಿಟ್ಟನ್ನು ನೋಡಿ ಯಂತ್ರವನ್ನು ಆರಿಸತಕ್ಕದ್ದು

ಕಪ್ಪು ಭೂಮಿಗೆ ಬೇಕಾದ ಎತ್ತಿನ ಬಲ ಮರಳು ಭೂಮಿಗೆ ಬೇಕಾಗುವುದಿಲ್ಲವೆಂಬುದನ್ನು ಎಲ್ಲ ಸಾಗುವಳಿದಾರರೂ ಬಲ್ಲರು. ಹಿಟ್ಟಿನಲ್ಲಿಯೂ ಹಾಗೆಯೇ ಭೇದವುಂಟು. ಗೋಧಿಯ ಹಿಟ್ಟಿಗೆ ನೀರು ಬೆರೆತಾಗ ಗ್ಲುಟೆನ್ ಎಂಬ ಜಿಗುಟಾದ ಅಂಶವು ಉಂಟಾಗುತ್ತದೆ. ನಾದಿದಷ್ಟೂ ಅದು ಬಲೆಯಂತೆ ಹೆಣೆದುಕೊಂಡು, ಯೀಸ್ಟಿನಿಂದ ಹುಟ್ಟಿದ ಗಾಳಿಯನ್ನು ಹಿಡಿದಿಟ್ಟು, ಬ್ರೆಡ್ಡು ಉಬ್ಬುವಂತೆ ಮಾಡುವುದು. ಯಂತ್ರಕ್ಕೆ ಭಾರವಾಗುವುದೂ ಈ ಜಿಗುಟೇ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಎಷ್ಟು ಹೊತ್ತು ನಾದಿದರೂ ರಾಗಿಯ ಹಿಟ್ಟು ಹಿಗ್ಗುವುದಿಲ್ಲ. ಆದಕಾರಣ ರಾಗಿ ಬ್ರೆಡ್ಡಿನಲ್ಲಿ ಐದು ಪಾಲಿಗೆ ಒಂದು ಪಾಲು ಮಾತ್ರ ರಾಗಿಯಿಟ್ಟು, ಉಳಿದದ್ದನ್ನು ಗೋಧಿ ಅಥವಾ ಮೈದಾದಿಂದ ತುಂಬಿ ಪ್ರಾರಂಭಿಸುವುದು ಲೇಸು. ಬಿಸ್ಕತ್ತಿಗಾದರೋ ಜಿಗುಟು ಬೇಡವೇ ಬೇಡ. ಅದಕ್ಕೆ ಅರ್ಧದಷ್ಟು ರಾಗಿಯನ್ನೂ ಬೆರೆಸಬಹುದು. ಹೀಗಿರುವಲ್ಲಿ ಕೊಳ್ಳುವವರು ತಾವು ಮಾಡತಕ್ಕ ಪದಾರ್ಥವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

1. ರಾಗಿ, ಕಡಲೆಕಾಯಿ, ಕೊಬ್ಬರಿ ಬಿಸ್ಕತ್ತು ಮಾತ್ರ ಮಾಡುವವರಿಗೆ ಯಂತ್ರದ ಅಗತ್ಯವೇ ಕಡಮೆ. ಅರ್ಧ ಕಿಲೋ ಹಿಟ್ಟನ್ನು ಕೈಯಿಂದಲೇ ಕಲಸಬಹುದು.

2. ಹಬ್ಬ ಹರಿದಿನಗಳಲ್ಲಿ ಕೇಕು ಮಾಡುವವರಿಗೆ ಕೈಯಲ್ಲಿ ಹಿಡಿಯುವ ಚಿಕ್ಕ ವಿದ್ಯುತ್ ಬೀಟರು ಸಾಕು.

3. ವಾರಕ್ಕೆ ಎರಡು ಮೂರು ಸಲ ಮನೆಗೆ ಬ್ರೆಡ್ಡು ಮಾಡುವವರಿಗೆ ನಾಲ್ಕೂವರೆಯಿಂದ ಐದು ಲೀಟರಿನ ಯಂತ್ರವು ತಕ್ಕದ್ದು.

4. ದಿನವೂ ಹಲವು ಕಿಲೋ ಹಿಟ್ಟು ನಾದಿ ಮಾರುವ ಸಂಘಗಳು ಮನೆಯ ಯಂತ್ರವನ್ನು ಕೊಳ್ಳಲೇ ಕೂಡದು. ಪಾತ್ರೆಯೂ ಕೊಕ್ಕೆಯೂ ಒಟ್ಟಿಗೆ ತಿರುಗುವ ಸ್ಪೈರಲ್ ಮಿಕ್ಸರ್ ಎಂಬ ಬೇಕರಿ ಯಂತ್ರವು ಅವರಿಗೆ ಬೇಕು.

ತಿರುಗುವ ಕಲ್ಲಿನ ಗ್ರೈಂಡರು ಮನೆಯಲ್ಲಿದ್ದರೆ, ಅದರೊಡನೆ ಹಿಟ್ಟು ಕಲಸುವ ಉಪಕರಣವು ಬಂದಿದೆಯೇ ಎಂದು ಮೊದಲು ಅಟ್ಟದ ಮೇಲೆ ಹುಡುಕಿ ನೋಡಬೇಕು. ಅನೇಕ ಗ್ರೈಂಡರುಗಳ ಜೊತೆಗೆ ಅದು ಬಂದಿರುತ್ತದೆ, ಉಪಯೋಗಿಸಿದವರು ಕಡಮೆ. ಚಪಾತಿಯ ಹಿಟ್ಟಿಗೂ ಸ್ವಲ್ಪ ಬ್ರೆಡ್ಡಿಗೂ ಅದು ಒದಗುವುದು.

ಲೀಟರು ಮತ್ತು ವಾಟಿನ ಭ್ರಾಂತಿ

ಲೀಟರ್ ಎಂಬುದು ಪಾತ್ರೆಯನ್ನು ಕಂಠದವರೆಗೆ ತುಂಬಿದರೆ ಹಿಡಿಯುವ ಅಳತೆ. ನೊರೆಗೆ ಆ ಲೆಕ್ಕ ಸರಿ. ನಾದುವ ಹಿಟ್ಟನ್ನು ತೂಕದಿಂದಲೇ ಅಳೆಯಬೇಕು. ಐದು ಲೀಟರಿನ ಯಂತ್ರಕ್ಕೆ 500ರಿಂದ 600 ಗ್ರಾಂ ಒಣ ಹಿಟ್ಟನ್ನು ಮೀರದಿರುವುದು ಕ್ಷೇಮ. ಉದಾಹರಣೆಗೆ 440 ಗ್ರಾಂ ಮೈದಾ ಅಥವಾ ಗೋಧಿ, 110 ಗ್ರಾಂ ರಾಗಿ, ಸುಮಾರು 340 ಮಿಲಿಲೀಟರ್ ನೀರು, ಜೊತೆಗೆ ಉಪ್ಪು, ಯೀಸ್ಟು, ಇವಿಷ್ಟರಿಂದ ಸುಮಾರು 400 ಗ್ರಾಂ ತೂಗುವ ಎರಡು ಬ್ರೆಡ್ಡು ಆಗುತ್ತವೆ. ಇಡಿಯ ಗೋಧಿ ಮತ್ತು ರಾಗಿ ಹೆಚ್ಚು ನೀರನ್ನು ಕುಡಿಯುವುದರಿಂದ, ಹಿಟ್ಟು ಗಟ್ಟಿಯೆನಿಸಿದರೆ ಚಮಚ ಚಮಚವಾಗಿ ನೀರನ್ನು ಸೇರಿಸಬೇಕು.

ವಾಟ್ ಎಂಬುದು ಯಂತ್ರವು ಎಳೆದುಕೊಳ್ಳುವ ವಿದ್ಯುತ್ತಿನ ಅಳತೆಯೇ ಹೊರತು ಕೊಕ್ಕೆಗೆ ಒದಗುವ ಬಲದ ಅಳತೆಯಲ್ಲ. 746 ವಾಟಿಗೆ ಒಂದು ಅಶ್ವಶಕ್ತಿ. 1,200 ವಾಟ್ ಎಂದು ಬರೆದ ಮಾತ್ರಕ್ಕೆ ಅದಕ್ಕೆ ಬಾವಿಯ ಒಂದೂವರೆ ಅಶ್ವಶಕ್ತಿ ಪಂಪಿನ ಬಲವಿದೆಯೆಂದು ಭಾವಿಸಬಾರದು. ಒಳಗಿನ ಹಲ್ಲುಚಕ್ರವು ಲೋಹದ್ದೋ ಪ್ಲಾಸ್ಟಿಕ್ಕಿನದೋ, ಯಂತ್ರದ ತೂಕವೆಷ್ಟು ಎಂಬುದನ್ನು ಕೇಳಬೇಕು. ಹಗುರವಾದ ಯಂತ್ರವು ಗಟ್ಟಿ ಹಿಟ್ಟನ್ನು ನಾದುವಾಗ ಕಲ್ಲಿನ ಮೇಲೆ ನಡೆದಾಡುತ್ತದೆ. ಕೆಲವು ವೇಳೆ ಕೆಳಕ್ಕೆ ಬೀಳುವುದೂ ಉಂಟು.

ಅಂಗಡಿಯಲ್ಲಿ ಪರೀಕ್ಷೆ

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತಿನ ಹಲ್ಲು ನೋಡದೆ, ನಡೆಸಿ ನೋಡದೆ ಹಣ ಎಣಿಸಿಕೊಡುವವರಿಲ್ಲ. ಯಂತ್ರಕ್ಕೂ ಇದೇ ನ್ಯಾಯ. ಅರ್ಧ ಕಿಲೋ ಗೋಧಿ ಹಿಟ್ಟನ್ನು ಜೊತೆಯಲ್ಲಿ ಒಯ್ದು, ಅಂಗಡಿಯಲ್ಲಿಯೇ ಕಲಸಿ ತೋರಿಸುವಂತೆ ಕೇಳಬೇಕು. ಕಡಮೆ ವೇಗದಲ್ಲಿ ಐದು ನಿಮಿಷ ನಾದುವಾಗ ತಲೆಭಾಗವು ಎದ್ದೆದ್ದು ಕುಣಿಯಬಾರದು. ಸುಟ್ಟ ವಾಸನೆ ಬರಬಾರದು. ವೇಗವು ತಗ್ಗಿ ಕೊಕ್ಕೆ ನಿಲ್ಲಬಾರದು. ಬೀಟರು ಪಾತ್ರೆಯ ತಳಕ್ಕೆ ತಾಗದೆ ಅತಿ ಸಮೀಪದಲ್ಲಿರಬೇಕು. ಅಂತರವನ್ನು ಸರಿಪಡಿಸುವ ತಿರುಪು ಇದ್ದರೆ ಒಳ್ಳೆಯದು. ಐಎಸ್‌ಐ ಗುರುತು, ಮೂರು ಪಿನ್ನಿನ ಪ್ಲಗ್ಗು ಇವೆಯೇ ಎಂದು ನೋಡಬೇಕು. ಬಿಡಿಭಾಗಗಳೂ ದುರಸ್ತಿಯೂ ತುಮಕೂರಿನಲ್ಲಿ ದೊರೆಯುತ್ತವೆಯೇ ಎಂದು ವಿಚಾರಿಸಿ, ಖಾತರಿ ಪತ್ರದಲ್ಲಿ ಗೃಹಕೃತ್ಯಕ್ಕೆ ಮಾತ್ರ ಎಂಬ ಷರತ್ತು ಇದೆಯೇ ಎಂಬುದನ್ನು ಓದಿಸಿಕೊಳ್ಳಬೇಕು.

ಉಪಯೋಗದ ಕ್ರಮ

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಇರುವುದು ಎಲ್ಲರಿಗೂ ತಿಳಿದದ್ದೇ. ಆದರೂ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆಯ ಹೊತ್ತು ದೀಪ ಮಂಕಾಗುವುದುಂಟು. ದೀಪ ಮಂಕಾಗಿದ್ದಾಗ ಯಂತ್ರವನ್ನು ನಡೆಸಕೂಡದು. ವೋಲ್ಟೇಜು ಕುಗ್ಗಿದಾಗ ಮೋಟರಿನ ಬಲವೂ ಅದನ್ನು ತಣಿಸುವ ಫ್ಯಾನಿನ ವೇಗವೂ ಕುಗ್ಗಿ, ಭಾರ ಹೊತ್ತ ಮೋಟರು ಕಾಯುತ್ತದೆ.

ನಾದುವುದು ಯಾವಾಗಲೂ ಅತಿ ಕಡಮೆ ವೇಗದಲ್ಲಿ. ಹಿಟ್ಟು ನೀರುಗಳನ್ನು ಬರಿದೇ ಬೆರೆಸಿ, ಒದ್ದೆಬಟ್ಟೆ ಮುಚ್ಚಿ, ಇಪ್ಪತ್ತು ಮೂವತ್ತು ನಿಮಿಷ ಬಿಟ್ಟರೆ ಗ್ಲುಟೆನ್ ತಾನಾಗಿಯೇ ಹೆಣೆಯಲು ತೊಡಗುವುದು. ಆಮೇಲೆ ಉಪ್ಪು, ಯೀಸ್ಟು ಸೇರಿಸಿ ಐದಾರು ನಿಮಿಷ ನಾದಿದರೆ ಬಹುಶಃ ಸಾಕಾಗುವುದು. ಒಂದು ಚೂರು ಹಿಟ್ಟನ್ನು ಬೆರಳುಗಳಿಂದ ತೆಳ್ಳಗೆ ಎಳೆದಾಗ ಹರಿಯದೆ ಬೆಳಕು ತೂರಿ ಕಂಡರೆ ಹದ ಬಂದಿತೆಂದು ತಿಳಿಯತಕ್ಕದ್ದು. ರಾಗಿ ಬೆರೆತ ಹಿಟ್ಟು ಅಷ್ಟು ತೆಳ್ಳಗೆ ಹಿಗ್ಗದು, ನುಣುಪಾದರೆ ಸಾಕು. ನಾದುವ ತಿಕ್ಕಾಟದಿಂದ ಹಿಟ್ಟು ಬಿಸಿಯಾಗುವುದರಿಂದ ಬೇಸಗೆಯಲ್ಲಿ ಮಡಕೆಯ ತಣ್ಣೀರನ್ನು ಉಪಯೋಗಿಸಬೇಕು. ಎರಡನೆಯ ಸರದಿಗೆ ಮುಂಚೆ ಮೋಟರು ಆರುವವರೆಗೆ ಕಾಯಬೇಕು. ಹೊಳಪಿನ ಅಲ್ಯೂಮಿನಿಯಂ ಉಪಕರಣಗಳನ್ನು ಬೂದಿಯಿಂದಾಗಲಿ ಸೋಡಾದಿಂದಾಗಲಿ ತೊಳೆದರೆ ಕಪ್ಪಾಗುತ್ತವೆ. ಬಟ್ಟೆಯಿಂದ ಒರೆಸಿ ಒಣಗಿಸಿಡಬೇಕು.

ಕಡೆಯ ಮಾತು

ಯಂತ್ರಕ್ಕೆ ಮುಂಚೆ ತರಬೇತಿಯನ್ನು ಪಡೆಯುವುದು ಉಚಿತ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಕೇಂದ್ರವಿದೆ. ಮಾರಾಟ ಮಾಡುವವರು 2006ರ ಆಹಾರ ಸುರಕ್ಷತೆಯ ಕಾಯಿದೆಯಂತೆ ನೋಂದಣಿಯನ್ನೂ ಪಡೆಯತಕ್ಕದ್ದು.

ಸಾಲದ ವಿಷಯದಲ್ಲಿ ಅಭಿಪ್ರಾಯ ಕೇಳಲು ಬಂದವರನ್ನು ಮುಖಂಡರು ಮೂರು ಪ್ರಶ್ನೆ ಕೇಳಲಿ: ಏನನ್ನು ಮಾಡುವಿರಿ? ಒಂದು ಸಲಕ್ಕೆ ಎಷ್ಟು ಗ್ರಾಂ ಹಿಟ್ಟು? ದಿನಕ್ಕೆ ಎಷ್ಟು ಸಲ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಯಂತ್ರವು ತಾನಾಗಿ ಗೊತ್ತಾಗುವುದು. ಶಿರಾ ತಾಲ್ಲೂಕಿನ ಆ ಸಂಘದವರು ಹೊಸ ಹಲ್ಲುಚಕ್ರವನ್ನು ಹಾಕಿಸಿ, ಅರ್ಧ ಕಿಲೋ ಮೀರದಂತೆ ಕಲಸುತ್ತಾ, ಬ್ರೆಡ್ಡನ್ನು ಮನೆಗಷ್ಟೇ ಮಾಡಿಕೊಂಡು, ಸಂತೆಗೆ ರಾಗಿ ಬಿಸ್ಕತ್ತನ್ನು ಮಾತ್ರ ಒಯ್ಯುತ್ತಿದ್ದಾರೆ. ಬಿಸ್ಕತ್ತಿನ ಹಿಟ್ಟನ್ನು ಅವರು ಈಗಲೂ ಕೈಯಿಂದಲೇ ಕಲಸುತ್ತಾರೆ.